ಮನೋರೋಗಿಗಳೂ ನಮ್ಮ ಸಮಾಜವೂ

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ‘ಹುಚ್ಚರ ಮದುವೆಯಲ್ಲಿ ಉಂಡವನೇ ಜಾಣ’ ಎಂಬುದು ಅದರ ಒಡಹುಟ್ಟು. ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆ ಎರಡು ಭಾಷೆಗಳು ಕೂಡುವ ಸೀಮೆಯಷ್ಟೆ. ಇಲ್ಲಿಯ ತೆಲುಗರೂ ಮೊದಲನೆಯ ಗಾದೆಯನ್ನು ತಮ್ಮ ನುಡಿಯಲ್ಲಿ ಹೀಗೆಯೇ ಆಡುತ್ತಾರೆ. ಆಡುವವರು ನಗುತ್ತಾರೆ, ಕೇಳುವವರೂ ನಗುತ್ತಾರೆ. ಆ ನಗೆ ಯಾರ ಮನೆಯ ಬಾಗಿಲಲ್ಲಿ ಅಳುವಾಗಿ ನಿಲ್ಲುತ್ತದೆಂಬುದನ್ನು ಯೋಚಿಸುವವರು ವಿರಳ. ನಾವೂ ಬಹುಕಾಲ ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದ ಪ್ರಸಂಗವನ್ನು ಮೊದಲೇ ಹೇಳಿಬಿಡುವುದು ಲೇಸು. ಕೆಲವು ವರ್ಷಗಳ ಹಿಂದೆ ಕಲ್ಯಾಣದುರ್ಗದ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿದ್ದೆವು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಮಗ್ಗಿಯನ್ನು ತಪ್ಪು ಹೇಳಿದಾಗ, ‘ಹುಚ್ಚು ಹಿಡಿದಿದೆಯೇನೋ ನಿನಗೆ?’ ಎಂದು ಗದರಿಸಿದೆವು. ತರಗತಿಯೆಲ್ಲ ನಕ್ಕಿತು, ನಮ್ಮ ಮಾತಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಾಗಿಯೇ ನಕ್ಕಿತು. ಮರುದಿನದಿಂದ ಆ ಹುಡುಗ ಶಾಲೆಗೆ ಬರಲಿಲ್ಲ. ಅವನ ತಾಯಿಯನ್ನು ಎರಡು ವರ್ಷದಿಂದ ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದ್ದಾರೆಂದೂ, ಆ ಮನೆಯಲ್ಲಿ ನೀರು ಮುಟ್ಟಬಾರದೆಂದು ನೆರೆಯವರು ತಮ್ಮ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆಂದೂ, ಹುಡುಗನ ಅಕ್ಕನಿಗೆ ಬಂದ ಸಂಬಂಧ ಎರಡು ಸಲ ಮುರಿಯಿತೆಂದೂ ಮುಖ್ಯೋಪಾಧ್ಯಾಯರು ತಿಳಿಸಿದರು. ಊರಿಗೆಲ್ಲ ಗೊತ್ತಿದ್ದ ಸಂಗತಿ ಉಪಾಧ್ಯಾಯರಾದ ನಮಗೆ ಮಾತ್ರ ಗೊತ್ತಿರಲಿಲ್ಲ. ಆ ನಾಚಿಕೆಯೇ ನಮ್ಮನ್ನು ಈ ವಿಷಯದ ಚರಿತ್ರೆಯತ್ತ ಎಳೆಯಿತು. ತಿಳಿದುಕೊಂಡಷ್ಟನ್ನು ಉಪಾಧ್ಯಾಯ ಬಂಧುಗಳ ಮುಂದೂ ವಿದ್ಯಾರ್ಥಿಗಳ ಮುಂದೂ ಇಡುತ್ತೇವೆ.

ಮನೋರೋಗಿಗಳನ್ನು ಹೀನವಾಗಿ ಕಾಣುವುದು ನಮ್ಮ ದೇಶದ ದೋಷ ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ಲಂಡನ್ ನಗರದ ಬೆತ್ಲೆಮ್ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ನಗುವುದಕ್ಕಾಗಿ ಪೌರರು ತಂಡತಂಡವಾಗಿ ಹೋಗುತ್ತಿದ್ದರು. ಆ ವಿನೋದಕ್ಕೆ ತಡೆ ಬಿದ್ದುದು ೧೭೭೦ರಲ್ಲಿ. ಪ್ಯಾರಿಸ್ಸಿನಲ್ಲಿ ಪೀನೆಲ್ ಎಂಬ ವೈದ್ಯನೂ ಅವನ ಸಹಾಯಕನಾದ ಪುಸ್ಸೆನ್ ಎಂಬವನೂ ರೋಗಿಗಳ ಸಂಕೋಲೆಯನ್ನು ಬಿಡಿಸತೊಡಗಿದುದು ಆ ಶತಮಾನದ ಕೊನೆಯ ದಶಕದಲ್ಲಿ. ಮನೋರೋಗಿಯೂ ರೋಗಿಯೇ, ಅಪರಾಧಿಯಲ್ಲ ಎಂಬ ವಿವೇಕ ಲೋಕಕ್ಕೆ ಬಂದು ಇನ್ನೂ ಬಹಳ ಕಾಲವಾಗಿಲ್ಲ.

ಇನ್ನು ನಮ್ಮ ಸೀಮೆಯ ಮಾತು. ಅನಂತಪುರ ಜಿಲ್ಲೆ ೧೮೮೨ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿಯೇ ಇದ್ದಿತು. ಇವೆರಡೂ ಮದರಾಸು ಆಧಿಪತ್ಯಕ್ಕೆ ಸೇರಿದ್ದವು. ಇಂಗ್ಲಿಷರು ೧೮೫೮ರಲ್ಲಿ ಹುಚ್ಚರ ಆಶ್ರಯಶಾಲೆಗಳ ಬಗ್ಗೆ ಕಾನೂನು ಮಾಡಿದರು. ಅಲೆದಾಡುವ ರೋಗಿಯನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸುವುದು, ವೈದ್ಯನ ಪ್ರಮಾಣಪತ್ರವಾದ ಮೇಲೆ ಗೋಡೆಯೊಳಗೆ ಸೇರಿಸುವುದು: ಇದೇ ಕ್ರಮ. ೧೯೧೨ರ ಕಾನೂನೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆಯಿತು. ರೋಗಿಯನ್ನು ಗುಣಪಡಿಸುವುದಕ್ಕಿಂತ ರೋಗಿಯಿಂದ ಊರನ್ನು ಕಾಪಾಡುವುದೇ ಇವುಗಳ ಮುಖ್ಯ ಚಿಂತೆ. ಸ್ವಾತಂತ್ರ್ಯ ಬಂದು ೪೦ ವರ್ಷ ಕಳೆದು, ೧೯೮೭ರಲ್ಲಿ ಹೊಸ ಕಾನೂನಾಗುವವರೆಗೆ ಆ ಹಳೆಯ ಕಾನೂನೇ ನಡೆಯಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಹಿಂದೂಪುರದವರಿಗೆ ಮದರಾಸಿಗಿಂತ ಬೆಂಗಳೂರೇ ಹತ್ತಿರ. ರೈಲು ಹತ್ತಿದರೆ ಕೆಲವು ಗಂಟೆಗಳ ದಾರಿ. ಅಲ್ಲಿ ೧೮೪೭ರಲ್ಲಿ, ಮೈಸೂರು ಸೀಮೆ ಇಂಗ್ಲಿಷ್ ಕಮಿಷನರ ಆಳಿಕೆಯಲ್ಲಿದ್ದಾಗ, ಹುಚ್ಚರ ಆಶ್ರಯಶಾಲೆಯೊಂದು ಹುಟ್ಟಿತು. ಅದರ ಮುಂದಿನ ಚರಿತ್ರೆ ಹೆಸರುಗಳ ಚರಿತ್ರೆಯೂ ಹೌದು. ೧೯೨೫ರಲ್ಲಿ ಮೈಸೂರು ಸರ್ಕಾರ ಆ ಹಳೆಯ ಹೆಸರನ್ನು ತೆಗೆದು ‘ಮೆಂಟಲ್ ಹಾಸ್ಪಿಟಲ್’ ಎಂದು ಕರೆಯಿತು. ಆಶ್ರಯಶಾಲೆ ಆಸ್ಪತ್ರೆಯಾಯಿತು; ಎಂದರೆ ಒಳಗಿದ್ದವರು ಸೆರೆಯಾಳುಗಳಲ್ಲ, ರೋಗಿಗಳು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ೧೯೫೪ರಲ್ಲಿ ಭಾರತ ಸರ್ಕಾರ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ, ಇಂದು ಎಲ್ಲರೂ ಬಲ್ಲ ‘ನಿಮ್ಹಾನ್ಸ್’ ಆಯಿತು.

ಹೆಸರು ಮೂರು ಸಲ ಬದಲಾಯಿತು. ಜನರ ಬಾಯಲ್ಲಿ ಮಾತ್ರ ಅದು ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿಯಿತು. ಅಷ್ಟೇ ಅಲ್ಲ, ಹೊಸ ಹೆಸರೂ ಬೈಗುಳವಾಯಿತು. ‘ನಿನ್ನನ್ನು ನಿಮ್ಹಾನ್ಸಿಗೆ ಸೇರಿಸಬೇಕು’ ಎಂದು ಆಟದ ಬಯಲಲ್ಲಿ ಹುಡುಗರು ಒಬ್ಬರನ್ನೊಬ್ಬರು ಹಂಗಿಸುವುದನ್ನು ನಾವೇ ಕೇಳಿದ್ದೇವೆ. ತಮಿಳರಿಗೆ ಕೀಲ್ಪಾಕ್, ಹಿಂದಿಯವರಿಗೆ ಆಗ್ರಾ, ರಾಂಚಿಗಳು ಇದೇ ಬಗೆಯ ಬೈಗುಳಗಳು. ಫಲಕವನ್ನು ಬದಲಾಯಿಸುವುದು ಸರ್ಕಾರದ ಕೈಯಲ್ಲಿದೆ. ನಾಲಗೆಯನ್ನು ಬದಲಾಯಿಸುವುದು ಸಮಾಜದ ಕೈಯಲ್ಲಿದೆ.

ಇಷ್ಟರಲ್ಲಿ ವೈದ್ಯಶಾಸ್ತ್ರ ಸುಮ್ಮನಿರಲಿಲ್ಲ. ನಮ್ಮ ನಾಡವೈದ್ಯರು ಉನ್ಮಾದಕ್ಕೆ ಕೊಡುತ್ತಿದ್ದ ಸರ್ಪಗಂಧದ ಬೇರಿನ ಗುಣವನ್ನು ಕಲಕತ್ತೆಯ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ೧೯೩೧ರಲ್ಲಿ ಪ್ರಕಟಿಸಿದರು. ೧೯೫೨ರ ಸುಮಾರಿಗೆ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಬಳಕೆಗೆ ಬಂದಿತು. ಕಟ್ಟಿಹಾಕದೆ ಸಮಾಧಾನಗೊಳಿಸಲಾಗದೆಂದು ತಿಳಿದಿದ್ದವರು ಮಾತ್ರೆಯಿಂದ ಶಾಂತರಾಗಿ ಮನೆಗೆ ಮರಳತೊಡಗಿದರು. ಅದೇ ದಶಕದಲ್ಲಿ ಅಮೃತಸರದ ಆಸ್ಪತ್ರೆಯ ಡಾ. ವಿದ್ಯಾಸಾಗರರು ರೋಗಿಗಳ ಮನೆಯವರನ್ನೇ ಕರೆಸಿ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಇರಿಸಿದರು. ರೋಗವೆಂದರೇನೆಂದು ಕಣ್ಣಾರೆ ಕಂಡ ಮನೆಯವರು ರೋಗಿಯನ್ನು ತಾವೇ ಕರೆದೊಯ್ದರು. ಕನ್ನಡದಲ್ಲಿಯೂ ತಿಳಿವಳಿಕೆಯ ಕೆಲಸ ನಡೆಯಿತು. ‘ಕೊರವಂಜಿ’ಯ ರಾ. ಶಿ. ಎಂದು ಖ್ಯಾತರಾದ ಡಾ. ಎಂ. ಶಿವರಾಂ ಅವರು ಮನಶ್ಶಾಸ್ತ್ರವನ್ನು ತಿಳಿಗನ್ನಡದಲ್ಲಿ ಬರೆದರು. ಅವರ ‘ಮನಮಂಥನ’ಕ್ಕೆ ೧೯೭೬ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ನಮ್ಮ ಸೀಮೆಯವರು ಹೆಮ್ಮೆಯಿಂದ ನೆನೆಯಬೇಕಾದ ಪ್ರಯೋಗವೊಂದು ಮಗ್ಗುಲಲ್ಲೇ ನಡೆಯಿತು. ಬೆಂಗಳೂರಿನ ಹತ್ತಿರದ ಸಕಲವಾರದ ಹಳ್ಳಿಗಳಲ್ಲಿ ಪಡೆದ ಅನುಭವದ ಮೇಲೆ ನಿಮ್ಹಾನ್ಸಿನವರು ೧೯೮೦ರ ದಶಕದ ನಡುವಿನಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡರು. ರೋಗಿ ನಗರಕ್ಕೆ ಹೋಗುವ ಬದಲು ಚಿಕಿತ್ಸೆಯೇ ಹಳ್ಳಿಗೆ ಬರಲಿ ಎಂಬುದು ಅವರ ಸಂಕಲ್ಪ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ರೋಗವನ್ನು ಗುರುತಿಸುವುದನ್ನು ಕಲಿಸಿ, ಕೆಲವೇ ಅಗತ್ಯ ಔಷಧಗಳನ್ನು ಕೇಂದ್ರದಲ್ಲಿಯೇ ದೊರೆಯುವಂತೆ ಮಾಡಿದರು. ಜ್ವರಕ್ಕೆ ಮದ್ದು ಪಡೆಯುವ ಸಾಲಿನಲ್ಲಿಯೇ ಮನೋರೋಗಿಯೂ ನಿಂತನು. ಹಾಗೆ ನಿಂತುದೇ ಅರ್ಧ ಚಿಕಿತ್ಸೆಯೆಂದು ನಮಗೆ ತೋರುತ್ತದೆ. ಬೇರೆ ಬಾಗಿಲಿಲ್ಲದ ಕಡೆ ಬೇರೆ ಜಾತಿಯ ಮನುಷ್ಯನೆಂಬ ಭಾವವೂ ಹುಟ್ಟದು. ಈ ಬಳ್ಳಾರಿಯ ಮಾದರಿಯನ್ನೇ ಅನುಸರಿಸಿ ೧೯೯೬ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಗಿ, ಮುಂದೆ ಬಹಳ ಜಿಲ್ಲೆಗಳಿಗೆ ಹಬ್ಬಿತು.

ದೇವಾಲಯ, ದರ್ಗಾಗಳಿಗೆ ರೋಗಿಗಳನ್ನು ಕರೆದೊಯ್ಯುವ ರೂಢಿಯ ಬಗ್ಗೆ ಎರಡು ಮಾತು. ಅದನ್ನು ಕೇವಲ ಮೂಢತನವೆಂದು ತಳ್ಳಿಹಾಕುವುದು ಸರಿಯಲ್ಲ. ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ ೩೧ ಮಂದಿ ರೋಗಿಗಳನ್ನು ನಿಮ್ಹಾನ್ಸಿನ ಡಾ. ರಘುರಾಮ್ ಮೊದಲಾದವರು ಪರೀಕ್ಷಿಸಿ ೨೦೦೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಔಷಧವಿಲ್ಲದೆಯೇ ಸುಮಾರು ಆರು ವಾರಗಳಲ್ಲಿ ಅವರ ರೋಗಲಕ್ಷಣಗಳು ಐದರಲ್ಲೊಂದು ಪಾಲಿನಷ್ಟು ಇಳಿದಿದ್ದುವೆಂದು ತೋರಿಸಿದರು. ಅಲ್ಲಿ ಸಂಕೋಲೆಯಿರಲಿಲ್ಲ, ಹಂಗಿಸುವವರಿರಲಿಲ್ಲ, ಜೊತೆಗೆ ಮನೆಯವರಿದ್ದರು. ಇದಕ್ಕೆ ತೀರ ವಿರುದ್ಧವಾದುದು ೨೦೦೧ರ ಆಗಸ್ಟ್ ೬ರಂದು ಅದೇ ರಾಜ್ಯದ ಏರವಾಡಿಯಲ್ಲಿ ನಡೆಯಿತು. ಖಾಸಗಿ ಆಶ್ರಯಶಾಲೆಯೊಂದಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಎದ್ದು ಓಡಲಾಗದೆ ೨೮ ಮಂದಿ ಪ್ರಾಣ ಬಿಟ್ಟರು. ಕೊಂದುದು ಬೆಂಕಿಯೋ ಸರಪಳಿಯೋ? ವಾಚಕರೇ ಯೋಚಿಸಲಿ. ಸಹವಾಸ ಗುಣಪಡಿಸುತ್ತದೆ, ಸಂಕೋಲೆ ಕೊಲ್ಲುತ್ತದೆ ಎಂಬುದೇ ಈ ಎರಡು ನಿದರ್ಶನಗಳ ಪಾಠ.

ಏರವಾಡಿಯ ದುರಂತವನ್ನು ಸರ್ವೋಚ್ಚ ನ್ಯಾಯಾಲಯ ತಾನಾಗಿ ವಿಚಾರಣೆಗೆ ಎತ್ತಿಕೊಂಡಿತು. ಮುಂದೆ ೨೦೧೭ರ ಮಾನಸಿಕ ಆರೋಗ್ಯ ರಕ್ಷಣೆಯ ಕಾನೂನು, ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟಕೂಡದೆಂದು ವಿಧಿಸಿತು. ದೇಹದ ರೋಗಿಗಿರುವ ಸಮಾನತೆ ಮನೋರೋಗಿಗೂ ಉಂಟೆಂದು ಸಾರಿತು. ವಿಮೆಯಲ್ಲಿಯೂ ಭೇದ ಮಾಡಬಾರದೆಂದಿತು. ಅದಕ್ಕೂ ಮುನ್ನ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದ್ದಿತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆ ಪಡೆದಿರಲಿಲ್ಲ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸಿದರೆ ತಪ್ಪೇನು?

ಔಷಧವಿದೆ, ಕಾನೂನಿದೆ. ಆದರೂ ಬಾಡಿಗೆಗೆ ಮನೆ ಸಿಗದು, ಕೂಲಿಗೆ ಕರೆಯರು, ಹೆಣ್ಣು ಕೊಡರು, ತರರು. ಹೆಂಗಸಾದರೆ ತವರಿಗಟ್ಟುತ್ತಾರೆ, ಗಂಡಸಾದರೆ ರೋಗವನ್ನು ಮುಚ್ಚಿ ಮದುವೆ ಮಾಡುತ್ತಾರೆ. ಮೊದಲು ಹೇಳಿದ ಗಾದೆ ಇಲ್ಲಿ ವಿಷವಾಗುತ್ತದೆ. ಮದುವೆ ಔಷಧವಲ್ಲ, ಅದರಿಂದ ಒಬ್ಬರ ಕಷ್ಟ ಇಬ್ಬರದಾಗುವುದೇ ಹೆಚ್ಚು. ರೋಗ ಹಗೆಯೂ ಅಲ್ಲ, ಅಂಟುಜಾಡ್ಯವೂ ಅಲ್ಲ, ಪೂರ್ವಜನ್ಮದ ಶಿಕ್ಷೆಯೂ ಅಲ್ಲ. ಇದನ್ನು ಮಕ್ಕಳಿಗೆ ಹೇಳಬೇಕಾದವರು ಯಾರು? ಮಗ್ಗಿ ಕಲಿಸುವ ನಾವೇ.

ಆ ಹುಡುಗನ ಮನೆಗೆ ಮುಖ್ಯೋಪಾಧ್ಯಾಯರೊಡನೆ ಹೋಗಿ, ತಪ್ಪಾಯಿತೆಂದು ಅವನ ಮುಂದೆಯೇ ಒಪ್ಪಿಕೊಂಡೆವು. ‘ಕೋಣೆಯ ಬೀಗ ತೆಗೆದರೆ ಊರವರು ಏನನ್ನುತ್ತಾರೋ ಸ್ವಾಮಿ’ ಎಂದು ತಂದೆ ಅಂಜಿದರು. ಎರಡು ತಿಂಗಳು ಹೋಗಿ ಬಂದು ಮಾತಾಡಿದ ಮೇಲೆ ಆಕೆಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ವರ್ಷ ಕಳೆಯುವುದರೊಳಗೆ ಆ ತಾಯಿ ತಾನೇ ಶಾಲೆಗೆ ಬಂದು ಮಗನ ಅಂಕಪಟ್ಟಿಗೆ ರುಜು ಹಾಕಿದರು. ಕೊಳಾಯಿಯ ಹತ್ತಿರ ಮಾತ್ರ ಕೆಲವು ಹೆಂಗಸರು ಇಂದಿಗೂ ಆಕೆಯ ಕೊಡಕ್ಕೆ ತಮ್ಮ ಕೊಡ ತಾಗದಂತೆ ದೂರ ಸರಿಯುತ್ತಾರೆ. ರೋಗ ಇಳಿಯುವುದಕ್ಕೆ ಒಂದು ವರ್ಷ ಸಾಕಾಯಿತು. ಊರಿನ ಮನಸ್ಸು ಇಳಿಯುವುದಕ್ಕೆ ಎಷ್ಟು ವರ್ಷ ಬೇಕೋ! ಅದನ್ನು ಕಡಮೆ ಮಾಡುವ ಕೆಲಸ ನಮ್ಮ ತರಗತಿಗಳಿಂದಲೇ ಮೊದಲಾಗಲಿ. ‘ಹುಚ್ಚ’ ಎಂಬ ಕೂಗು ನಮ್ಮ ಶಾಲೆಯ ಅಂಗಳದಲ್ಲಿ ಕೇಳದಿರಲಿ.