ತೀರ್ಪುಗಾರನಿಲ್ಲದ ಕಥೆ: ‘ಮದಾಂ ಬೊವಾರಿ’ಯೂ ಅದರ ವಾಚಕರೂ

೧

ಒಂದು ಗ್ರಂಥದ ಚರಿತ್ರೆಯೆಂದರೆ ಅದನ್ನು ಬರೆದವನ ಚರಿತ್ರೆಯೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕರ್ತೃವಿನ ಕಾಲ, ದೇಶ, ಕೃತಿಯ ಆಕರಗಳು, ಪಾಠಾಂತರಗಳು ಇಷ್ಟು ನಿರ್ಣಯವಾದರೆ ಸಾಹಿತ್ಯ ಚರಿತ್ರಕಾರನ ಕರ್ತವ್ಯ ಮುಗಿಯಿತೆಂಬ ನಂಬಿಕೆ ಬಲವಾಗಿದೆ. ಆದರೆ ಗ್ರಂಥವು ಕರ್ತೃವಿನ ಕೈಯಿಂದ ಹೊರಟ ಮೇಲೆ ಅದಕ್ಕೆ ಎರಡನೆಯದೊಂದು ಬಾಳು ಮೊದಲಾಗುತ್ತದೆ. ಅದು ವಾಚಕರ ಮನಸ್ಸಿನಲ್ಲಿ ನಡೆಯುವ ಬಾಳು. ಅದರ ಚರಿತ್ರೆಯನ್ನು ಬರೆಯುವುದು ಸುಲಭವಲ್ಲ. ಓದಿದವರಲ್ಲಿ ಬಹುಮಂದಿ ತಮ್ಮ ಅಭಿಪ್ರಾಯವನ್ನು ಬರೆದಿಡುವುದಿಲ್ಲ. ಆದರೂ ಕೆಲವು ಗ್ರಂಥಗಳ ವಿಷಯದಲ್ಲಿ ಓದಿದವರ ಮಾತು ಸಾಕಷ್ಟು ಉಳಿದುಬಂದಿದೆ. ಫ್ರೆಂಚ್ ಕಾದಂಬರಿಕಾರ ಗುಸ್ತಾವ್ ಫ್ಲೋಬೇರ್‌ನ (೧೮೨೧–೧೮೮೦) ‘ಮದಾಂ ಬೊವಾರಿ’ ಅಂಥವುಗಳಲ್ಲಿ ಒಂದು. ಅದನ್ನು ಓದಿದವರಲ್ಲಿ ಸರಕಾರಿ ವಕೀಲನಿದ್ದಾನೆ, ವಿಮರ್ಶಕರಿದ್ದಾರೆ, ಕವಿಯಿದ್ದಾನೆ, ದೂರದ ಊರೊಂದರಲ್ಲಿ ಒಂಟಿಯಾಗಿದ್ದ ಮಹಿಳೆಯಿದ್ದಾಳೆ. ಇವರ ಅಭಿಪ್ರಾಯಗಳನ್ನು ಒಂದೆಡೆ ಇಟ್ಟು ನೋಡಿದರೆ ತಿಳಿದುಬರುವುದೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕಥೆಯನ್ನು ಮೊದಲು ಸಂಗ್ರಹವಾಗಿ ಹೇಳಬೇಕಾಗಿದೆ. ಎಮ್ಮಾ ನಾರ್ಮಂಡಿ ಪ್ರಾಂತದ ಒಬ್ಬ ರೈತನ ಮಗಳು. ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಓದಿದವಳು. ಅಲ್ಲಿ ಕದ್ದು ಓದಿದ ಪ್ರಣಯ ಕಥೆಗಳಿಂದ ಬಾಳಿನ ವಿಷಯವಾಗಿ ದೊಡ್ಡ ಆಸೆಗಳನ್ನು ಕಟ್ಟಿಕೊಂಡವಳು. ಅವಳ ಕೈಹಿಡಿದ ಶಾರ್ಲ್ ಬೊವಾರಿ ಕೆಳದರ್ಜೆಯ ಪರವಾನೆಯುಳ್ಳ ಹಳ್ಳಿಯ ವೈದ್ಯ. ಒಳ್ಳೆಯವನು, ಆದರೆ ಮಂದಬುದ್ಧಿಯವನು. ಯೋನ್ವಿಲ್ ಎಂಬ ಸಣ್ಣ ಊರಿನ ಬೇಸರ ಅವಳನ್ನು ದಿನದಿನವೂ ತಿನ್ನುತ್ತದೆ. ಅವಳು ಮೊದಲು ರೊದೊಲ್ಫ್ ಎಂಬ ಜಮೀನುದಾರನನ್ನೂ, ಆಮೇಲೆ ಲೇಯೊಂ ಎಂಬ ಗುಮಾಸ್ತನನ್ನೂ ನಂಬುತ್ತಾಳೆ, ಇಬ್ಬರೂ ಕೈಬಿಡುತ್ತಾರೆ. ಈ ನಡುವೆ ಲೆರೋ ಎಂಬ ಜವಳಿ ವ್ಯಾಪಾರಿ ಅವಳಿಗೆ ಸಾಲದ ಮೇಲೆ ಸಾಲ ಕೊಟ್ಟು ಪತ್ರ ಬರೆಸಿಕೊಳ್ಳುತ್ತಾನೆ. ಎಂಟು ಸಾವಿರ ಫ್ರಾಂಕುಗಳನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಕಟ್ಟಬೇಕೆಂದು ನ್ಯಾಯಾಲಯದ ಆಜ್ಞೆ ಬಂದಾಗ ಎಲ್ಲರ ಬಾಗಿಲನ್ನೂ ತಟ್ಟಿ, ಬರಿಗೈಯಲ್ಲಿ ಹಿಂದಿರುಗಿ, ಪಾಷಾಣ ತಿಂದು ಸಾಯುತ್ತಾಳೆ. ಗಂಡನೂ ಕೊರಗಿ ಸಾಯುತ್ತಾನೆ. ಅನಾಥಳಾದ ಮಗಳು ಹತ್ತಿಯ ಗಿರಣಿಯ ಕೂಲಿಯಾಗುತ್ತಾಳೆ.

೨

ಫ್ಲೋಬೇರ್‌ನು ೧೮೫೧ರ ಸೆಪ್ಟೆಂಬರಿನಿಂದ ಸುಮಾರು ನಾಲ್ಕೂವರೆ ವರ್ಷಕಾಲ ರುವಾಂ ನಗರದ ಸಮೀಪದ ಕ್ರ್ವಾಸೆಯಲ್ಲಿ ಕುಳಿತು ಈ ಕಾದಂಬರಿಯನ್ನು ಬರೆದನು. ೧೮೫೬ರ ಅಕ್ಟೋಬರ್ ೧ರಿಂದ ಡಿಸೆಂಬರ್ ೧೫ರವರೆಗೆ ‘ರೆವ್ಯು ದ ಪಾರಿ’ ಪತ್ರಿಕೆಯಲ್ಲಿ ಅದು ಆರು ಕಂತುಗಳಾಗಿ ಪ್ರಕಟವಾಯಿತು. ಸಂಪಾದಕರೇ ಭಯಪಟ್ಟು, ಮುಚ್ಚಿದ ಬಾಡಿಗೆ ಗಾಡಿಯ ಪ್ರಸಂಗ ಮುಂತಾದ ಭಾಗಗಳನ್ನು ಕೈಬಿಟ್ಟರು. ಆದರೂ ಸರಕಾರ ಸುಮ್ಮನಿರಲಿಲ್ಲ. ಸಾರ್ವಜನಿಕ ನೀತಿಗೂ ಧರ್ಮಕ್ಕೂ ಸದಾಚಾರಕ್ಕೂ ಧಕ್ಕೆ ತಂದ ಅಪರಾಧಕ್ಕಾಗಿ ಲೇಖಕ, ಪತ್ರಿಕೆಯ ಸಂಪಾದಕ, ಮುದ್ರಕ ಈ ಮೂವರ ಮೇಲೆಯೂ ಮೊಕದ್ದಮೆ ಹೂಡಲಾಯಿತು. ೧೮೫೭ರ ಜನವರಿ ೨೯ರಂದು ಪ್ಯಾರಿಸಿನ ನ್ಯಾಯಾಲಯದಲ್ಲಿ ವಾದ ನಡೆಯಿತು.

ಸರಕಾರದ ಪರವಾಗಿ ವಾದಿಸಿದ ಅರ್ನೆಸ್ತ್ ಪಿನಾರ್‌ನನ್ನು ಮೂಢನೆಂದು ತಳ್ಳಿಹಾಕುವ ವಾಡಿಕೆಯುಂಟು. ಆದರೆ ಅವನು ಕಾದಂಬರಿಯನ್ನು ಗಮನವಿಟ್ಟು ಓದಿದ್ದನೆಂಬುದನ್ನು ನಾವು ಒಪ್ಪಬೇಕು. ಅವನ ವಾದದ ತಿರುಳು ಇದು: ಈ ಪುಸ್ತಕದಲ್ಲಿ ಈ ಹೆಂಗಸನ್ನು ಖಂಡಿಸಬಲ್ಲವರು ಯಾರಿದ್ದಾರೆ? ಗಂಡ ಅವಳನ್ನು ಕೊನೆಯವರೆಗೂ ಆರಾಧಿಸುತ್ತಾನೆ, ಪಾದ್ರಿ ನಗೆಗೀಡಾಗುತ್ತಾನೆ, ಊರಿನ ಪ್ರಮುಖರು ಕ್ಷುದ್ರರು, ಗ್ರಂಥಕರ್ತನೋ ಬಾಯಿಬಿಡುವುದೇ ಇಲ್ಲ. ಹಾಗಾದರೆ ನೀತಿಯ ಪರವಾಗಿ ಮಾತನಾಡುವವರಾರು? ಇಂಥ ಪುಟಗಳು ತರುಣಿಯರ, ವಿವಾಹಿತ ಸ್ತ್ರೀಯರ ಕೈಗೆ ಸಿಕ್ಕಿದರೆ ಗತಿಯೇನು ಎಂಬುದು ಅವನ ಆತಂಕ. ಪ್ರತಿವಾದಿಗಳ ವಕೀಲ ಜ್ಯೂಲ್ ಸೆನಾರ್ ಹಿಂದೆ ಮಂತ್ರಿಯಾಗಿದ್ದವನು. ದುರ್ಗುಣದ ಭೀಕರ ಫಲವನ್ನು ತೋರಿಸಿ ಸದ್ಗುಣಕ್ಕೆ ಪ್ರೇರೇಪಿಸುವುದೇ ಈ ಕೃತಿಯ ಗುರಿಯೆಂದು ಅವನು ವಾದಿಸಿದನು. ಕವಿ ಲಾಮಾರ್ತೀನ್‌ನು ಕಾದಂಬರಿಯನ್ನು ಮೆಚ್ಚಿದರೂ, ನಾಯಿಕೆಯ ತಪ್ಪಿಗಿಂತ ಅವಳಿಗೊದಗಿದ ಪ್ರಾಯಶ್ಚಿತ್ತವೇ ಅತಿಯಾಯಿತೆಂದು ನೊಂದುಕೊಂಡನೆಂಬ ಸಂಗತಿಯನ್ನೂ ಸೆನಾರ್ ನ್ಯಾಯಾಧೀಶರ ಮುಂದಿಟ್ಟನು. ಫೆಬ್ರವರಿ ೭ರಂದು ತೀರ್ಪು ಬಂದಿತು. ಸಾಹಿತ್ಯದ ಕಾರ್ಯ ಮನಸ್ಸನ್ನು ಉನ್ನತಗೊಳಿಸುವುದೆಂದೂ ಈ ಕೃತಿ ತೀವ್ರ ನಿಂದೆಗೆ ಅರ್ಹವೆಂದೂ ಹೇಳಿದ ನ್ಯಾಯಾಧೀಶರು, ಅದು ದೀರ್ಘ ಪರಿಶ್ರಮದ ಫಲವೆಂಬುದನ್ನು ಮನ್ನಿಸಿ ಮೂವರನ್ನೂ ಬಿಡುಗಡೆ ಮಾಡಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ವಕೀಲರಿಬ್ಬರೂ ಪರಸ್ಪರ ವಿರುದ್ಧವಾಗಿ ವಾದಿಸಿದರೂ ಅವರ ಮೂಲ ಕಲ್ಪನೆ ಒಂದೇ. ಕಾದಂಬರಿಯೊಳಗೆ ಒಬ್ಬ ತೀರ್ಪುಗಾರನಿರಬೇಕು ಎಂಬುದೇ ಆ ಕಲ್ಪನೆ. ಆ ಪೀಠ ಬರಿದಾಗಿದೆಯೆಂದು ಪಿನಾರ್ ದೂರಿದನು. ಅಲ್ಲಿ ಲೇಖಕನು ಮರೆಯಲ್ಲಿ ಕುಳಿತಿದ್ದಾನೆಂದು ಸೆನಾರ್ ಸಮಾಧಾನ ಹೇಳಿದನು. ಕಥೆಯ ಮಾತು ಎಲ್ಲಿ ಲೇಖಕನದು, ಎಲ್ಲಿ ಎಮ್ಮಾಳ ಮನಸ್ಸಿನದು ಎಂಬುದು ಬೇರೆಯಾಗಿ ಕಾಣದಂತೆ ಬರೆಯುವುದು ಫ್ಲೋಬೇರ್‌ನ ರೀತಿ. ‘ಅವಳು ಹೀಗೆಂದುಕೊಂಡಳು’ ಎಂಬ ಸೂಚನೆಯಿಲ್ಲದೆಯೇ ಅವಳ ಆಲೋಚನೆ ನಿರೂಪಣೆಯಲ್ಲಿ ಬೆರೆತುಹೋಗುತ್ತದೆ. ವ್ಯಭಿಚಾರದ ಹೊಗಳಿಕೆಯೆಂದು ಪಿನಾರ್ ಎತ್ತಿ ತೋರಿಸಿದ ವಾಕ್ಯಗಳು ವಾಸ್ತವವಾಗಿ ಎಮ್ಮಾಳ ಹಗಲುಗನಸುಗಳು. ಜರ್ಮನ್ ವಿದ್ವಾಂಸ ಹಾನ್ಸ್ ರಾಬರ್ಟ್ ಯೌಸ್ ೧೯೬೭ರಲ್ಲಿ ವಾಚಕ ಕೇಂದ್ರಿತವಾದ ಸಾಹಿತ್ಯ ಚರಿತ್ರೆಯನ್ನು ಪ್ರತಿಪಾದಿಸಿದಾಗ ಈ ಮೊಕದ್ದಮೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡುದು ಈ ಕಾರಣದಿಂದಲೇ: ಹೊಸ ನಿರೂಪಣಾ ಕ್ರಮವೊಂದು ವಾಚಕರ ನೈತಿಕ ಅಭ್ಯಾಸವನ್ನೇ ಅಲುಗಿಸಿತು.

೩

ತರುಣಿಯರ ಮನಸ್ಸು ಏನಾದೀತು ಎಂಬ ಚರ್ಚೆ ನಡೆದ ಆ ನ್ಯಾಯಾಲಯದಲ್ಲಿ ತೀರ್ಪಿನ ಪೀಠದ ಮೇಲಾಗಲಿ ವಾದಿಸುವ ಸ್ಥಾನದಲ್ಲಾಗಲಿ ಸ್ತ್ರೀಯೊಬ್ಬಳೂ ಇರಲಿಲ್ಲ. ಆದರೆ ಅದಕ್ಕೆ ಮೊದಲೇ, ೧೮೫೬ರ ಡಿಸೆಂಬರಿನಲ್ಲಿ, ಅಂಥ ವಾಚಕಿಯೊಬ್ಬಳ ಪತ್ರ ಫ್ಲೋಬೇರ್‌ನಿಗೆ ಬಂದಿತ್ತು. ಬರೆದವಳು ಆಂಜೇ ನಗರದ ಮಾರೀ-ಸೋಫೀ ಲರ್ವಾಯೇ ದ ಶಾಂತಪೀ. ಆಕೆಗೆ ಆಗ ಐವತ್ತಾರು ವರ್ಷ, ಅವಿವಾಹಿತೆ, ತಾನೂ ಕಾದಂಬರಿಗಳನ್ನು ಬರೆದವಳು, ಪಾಪಭೀತಿಯಿಂದಲೂ ಮನೋವ್ಯಾಕುಲದಿಂದಲೂ ಬಹುಕಾಲ ನರಳುತ್ತಿದ್ದವಳು. ತಾನು ಹುಟ್ಟಿ ಬಾಳಿದ ಪ್ರಾಂತದ ನಡೆನುಡಿಗಳೇ ಇಲ್ಲಿವೆಯೆಂದೂ, ಎಮ್ಮಾಳನ್ನು ಹಿಂದೆ ಬಲ್ಲ ಗೆಳತಿಯೆಂಬಂತೆ ಮೊದಲ ನೋಟದಲ್ಲಿಯೇ ಗುರುತಿಸಿ ಪ್ರೀತಿಸಿದೆನೆಂದೂ, ಇದು ಕಟ್ಟುಕಥೆಯಾಗಿರಲಾರದು, ಅಂಥವಳೊಬ್ಬಳು ನಿಜವಾಗಿ ಬಾಳಿರಬೇಕೆಂದೂ ಆಕೆ ಬರೆದಳು. ಪಿನಾರ್ ಶಂಕಿಸಿದ ಪ್ರಲೋಭನೆಯ ಸುಳಿವೂ ಆ ಪತ್ರದಲ್ಲಿಲ್ಲ. ಇರುವುದು ತನ್ನ ದುಃಖವನ್ನು ಬಲ್ಲವರು ಇನ್ನೊಬ್ಬರಿದ್ದಾರೆಂಬ ಸಮಾಧಾನ.

ಫ್ಲೋಬೇರ್‌ನ ಉತ್ತರ ವಿಚಿತ್ರವಾಗಿದೆ. ೧೮೫೭ರ ಮಾರ್ಚಿನಲ್ಲಿ ಬರೆದ ಪತ್ರದಲ್ಲಿ ಅವನು, ಈ ಕಥೆಯಲ್ಲಿ ನಡೆದ ಸಂಗತಿ ಯಾವುದೂ ಇಲ್ಲ, ತನ್ನ ಭಾವನೆಗಳನ್ನಾಗಲಿ ಬಾಳನ್ನಾಗಲಿ ತಾನು ಅದರಲ್ಲಿ ಇಟ್ಟಿಲ್ಲ, ಸೃಷ್ಟಿಯಲ್ಲಿ ದೇವರಿರುವಂತೆ ಕಲಾವಿದನು ಕೃತಿಯಲ್ಲಿ ಸರ್ವಶಕ್ತನಾಗಿಯೂ ಅದೃಶ್ಯನಾಗಿಯೂ ಇರಬೇಕು ಎಂದು ತಿಳಿಸಿದನು. ಆದರೆ ಇದೇ ಫ್ಲೋಬೇರ್ ೧೮೫೩ರಲ್ಲಿ, ಕಾದಂಬರಿಯನ್ನು ಇನ್ನೂ ಬರೆಯುತ್ತಿದ್ದಾಗ, ತನ್ನ ಬಡ ಬೊವಾರಿ ಈ ಗಳಿಗೆಯಲ್ಲಿಯೇ ಫ್ರಾನ್ಸಿನ ಎಷ್ಟೋ ಹಳ್ಳಿಗಳಲ್ಲಿ ಅಳುತ್ತಿರಬಹುದೆಂದು ಗೆಳತಿ ಲೂಯೀಸ್ ಕೊಲೆಗೆ ಬರೆದಿದ್ದನು. ಎರಡು ಮಾತುಗಳಿಗೂ ವಿರೋಧವಿಲ್ಲ. ಯಾವಳೊಬ್ಬಳ ಚಿತ್ರವೂ ಅಲ್ಲದ್ದರಿಂದಲೇ ಅದು ಅನೇಕರ ಚಿತ್ರವಾಯಿತು. ವಿಭಾವಾದಿಗಳು ವ್ಯಕ್ತಿಸಂಬಂಧವನ್ನು ಕಳೆದುಕೊಂಡು ಸಾಧಾರಣೀಕೃತವಾದಾಗಲೇ ಸಹೃದಯನ ಹೃದಯಸಂವಾದ ಸಾಧ್ಯವೆಂದು ನಮ್ಮ ಆಲಂಕಾರಿಕರು ಹೇಳಿದುದನ್ನು ಇಲ್ಲಿ ನೆನೆಯಬಹುದು. ‘ಮದಾಂ ಬೊವಾರಿ ಎಂದರೆ ನಾನೇ’ ಎಂಬ ಪ್ರಸಿದ್ಧವಾದ ಮಾತನ್ನು ಫ್ಲೋಬೇರ್‌ನ ಮೇಲೆ ಹೊರಿಸುವುದುಂಟು. ಅದು ಅವನ ಕೈಬರೆಹದಲ್ಲಿ ಎಲ್ಲಿಯೂ ದೊರೆತಿಲ್ಲ. ೧೯೦೯ರ ಗ್ರಂಥವೊಂದರಲ್ಲಿ ಕೇಳಿದ ಮಾತಾಗಿ ಉಕ್ತವಾಗಿದೆ. ಆ ಮಾತನ್ನು ಹೇಳುವ ಅಧಿಕಾರ ಲೇಖಕನಿಗಿಂತ ಆಂಜೇಯ ವಾಚಕಿಗೇ ಹೆಚ್ಚಾಗಿದ್ದಿತೆಂದು ನಮಗೆ ತೋರುತ್ತದೆ. ಇವರಿಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಪತ್ರ ವ್ಯವಹಾರ ಮಾತ್ರ ಹಲವು ವರ್ಷ ನಡೆಯಿತು.

೪

೧೮೫೭ರ ವಸಂತದಲ್ಲಿ ಕಾದಂಬರಿ ಪುಸ್ತಕ ರೂಪದಲ್ಲಿ ಬಂದ ಮೇಲೆ ವಿಮರ್ಶಕರು ಮಾತನಾಡಿದರು. ಸ್ಯಾಂತ್-ಬ್ಯೋವ್ ಮೇ ೪ರ ಲೇಖನದಲ್ಲಿ, ವೈದ್ಯರ ಮನೆತನದ ಈ ಲೇಖಕನು ಶಸ್ತ್ರವೈದ್ಯನ ಕತ್ತಿಯಂತೆ ಲೇಖನಿಯನ್ನು ಹಿಡಿಯುತ್ತಾನೆಂದು ಮೆಚ್ಚಿ, ಜೊತೆಯಲ್ಲಿಯೇ ಒಳ್ಳೆಯತನ ಈ ಪುಸ್ತಕದಲ್ಲಿ ತೀರ ಕಡಮೆಯೆಂದು ದೂರಿದನು. ವಾಸ್ತವವಾದದ ಪಕ್ಷದವನೇ ಆದ ದ್ಯೂರಾಂತಿ ಇದರಲ್ಲಿ ಲೆಕ್ಕಾಚಾರವಿದೆ, ಭಾವವಿಲ್ಲ ಎಂದನು. ಬಾರ್ಬೇ ದೋರ್ವಿಯಿಗೆ ಇದು ಉಕ್ಕಿನ ಯಂತ್ರವೊಂದು ಬರೆದಂತೆ ಕಂಡಿತು. ಬೋದಲೇರ್ ಮಾತ್ರ ಬೇರೆ ದಾರಿ ಹಿಡಿದನು. ಅದೇ ವರ್ಷದ ಆಗಸ್ಟಿನಲ್ಲಿ ಅವನ ಕವನ ಸಂಗ್ರಹದ ಮೇಲೂ ಪಿನಾರ್‌ನೇ ವಾದಿಸಿ ದಂಡ ವಿಧಿಸುವಂತೆ ಮಾಡಿದ್ದನು. ಅಕ್ಟೋಬರಿನಲ್ಲಿ ಬೋದಲೇರ್ ಬರೆದ ವಿಮರ್ಶೆಯಲ್ಲಿ ಎಮ್ಮಾ ಕನಿಕರಕ್ಕೆ ಪಾತ್ರಳಾದ ಅಬಲೆಯಲ್ಲ. ಕ್ಷುದ್ರರ ನಡುವೆ ಅವಳೊಬ್ಬಳಲ್ಲೇ ಕಲ್ಪನೆಯೂ ಪೌರುಷವೂ ಉಂಟು. ಕೃತಿಯ ನೀತಿಯನ್ನು ಓದಿದವನೇ ತೆಗೆದುಕೊಳ್ಳಬೇಕು, ಲೇಖಕನು ಉಪದೇಶಿಸಬೇಕಾಗಿಲ್ಲ ಎಂಬುದು ಅವನ ನಿಲುವು.

ಮುಂದಿನ ತಲೆಮಾರಿನವರಲ್ಲಿಯೂ ಈ ಭೇದ ನಿಲ್ಲಲಿಲ್ಲ. ೧೮೮೬ರಲ್ಲಿ ಕಾರ್ಲ್ ಮಾರ್ಕ್ಸನ ಮಗಳು ಎಲಿನರ್ ಈ ಕಾದಂಬರಿಯನ್ನು ಇಂಗ್ಲಿಷಿಗೆ ತಂದಳು. ಮರುವರ್ಷ ಮ್ಯಾಥ್ಯೂ ಆರ್ನಲ್ಡ್ ಇದನ್ನು ಟಾಲ್‌ಸ್ಟಾಯಿಯ ‘ಅನ್ನಾ ಕರೆನಿನಾ’ದೊಡನೆ ಹೋಲಿಸಿ, ಫ್ಲೋಬೇರ್‌ನು ತನ್ನ ನಾಯಿಕೆಯ ವಿಷಯದಲ್ಲಿ ಕಲ್ಲೆದೆಯವನೆಂದು ನಿಂದಿಸಿದನು. ೧೮೯೨ರಲ್ಲಿ ಜ್ಯೂಲ್ ದ ಗೋತ್ಯೇ, ತಾನಲ್ಲದ್ದನ್ನು ತಾನೆಂದು ಭಾವಿಸುವ ಮನೋವೃತ್ತಿಗೆ ಅವಳ ಹೆಸರಿನಿಂದಲೇ ‘ಬೊವಾರಿತನ’ ಎಂಬರ್ಥದ ಪಾರಿಭಾಷಿಕ ಪದವನ್ನು ರೂಢಿಗೆ ತಂದನು. ೧೯೦೨ರಲ್ಲಿ ಹೆನ್ರಿ ಜೇಮ್ಸ್, ಇಷ್ಟು ದೊಡ್ಡ ಕಲೆಗೆ ಎಮ್ಮಾ ತೀರ ಸಣ್ಣ ಪಾತ್ರವೆಂದನು. ಪೆರು ದೇಶದ ವಾರ್ಗಾಸ್ ಯೋಸಾ ೧೯೭೫ರ ಗ್ರಂಥದಲ್ಲಿ, ಬಾಳು ಬೇಡವೆನಿಸಿದ ಗಳಿಗೆಗಳಲ್ಲಿ ಅವಳ ಸಾವಿನ ಪುಟಗಳೇ ತನಗೆ ಸಾಂತ್ವನ ನೀಡಿದುವೆಂದು ಹೇಳಿಕೊಂಡನು.

೧೮೫೭ರಲ್ಲಿ ಲೇಖಕನು ಅವಳನ್ನು ಅಂದಗಾಣಿಸಿದನೆಂಬುದು ಅಪರಾಧ. ೧೮೮೭ರಲ್ಲಿ ಅವಳನ್ನು ದಯೆಯಿಲ್ಲದೆ ಬೇಟೆಯಾಡಿದನೆಂಬುದು ಅಪರಾಧ. ಪುಸ್ತಕ ಮಾತ್ರ ಅದೇ.

೫

ಈ ಅಭಿಪ್ರಾಯಗಳಲ್ಲಿ ಬಹುತೇಕ ಎಲ್ಲರೂ ಎಮ್ಮಾಳ ಶೀಲವನ್ನೋ ಸ್ವಭಾವವನ್ನೋ ತೂಗುತ್ತಾರೆ. ಅವಳನ್ನು ಸುತ್ತಿದ್ದ ಕಾನೂನು ಆ ತಕ್ಕಡಿಗೆ ಬೀಳುವುದು ಅಪೂರ್ವ. ೧೮೦೪ರ ಫ್ರೆಂಚ್ ನಾಗರಿಕ ಸಂಹಿತೆಯಂತೆ ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು. ಅವನ ಒಪ್ಪಿಗೆಯಿಲ್ಲದೆ ಅವಳು ಆಸ್ತಿ ವ್ಯವಹಾರ ಮಾಡುವಂತಿರಲಿಲ್ಲ. ಆದುದರಿಂದಲೇ ಲೆರೋ ಗಂಡನಿಂದ ಅವಳ ಹೆಸರಿಗೆ ಮುಖ್ತಿಯಾರು ಪತ್ರ ಬರೆಸಿಕೊಳ್ಳುವಂತೆ ಹುರಿದುಂಬಿಸುತ್ತಾನೆ; ಅವಳ ಮೃತ್ಯು ಆ ಕಾಗದದಿಂದಲೇ ಮೊದಲಾಗುತ್ತದೆ. ೧೮೧೦ರ ದಂಡ ಸಂಹಿತೆಯಂತೆ ವ್ಯಭಿಚಾರಕ್ಕಾಗಿ ಹೆಂಡತಿಗೆ ಮೂರು ತಿಂಗಳಿನಿಂದ ಎರಡು ವರ್ಷದವರೆಗೆ ಸೆರೆ. ಗಂಡನಿಗಾದರೋ, ಮನೆಯಲ್ಲಿಯೇ ಉಪಪತ್ನಿಯನ್ನು ಇಟ್ಟುಕೊಂಡರೆ ಮಾತ್ರ, ಬರಿಯ ಜುಲ್ಮಾನೆ. ವಿಚ್ಛೇದನ ೧೮೧೬ರಲ್ಲಿ ರದ್ದಾಗಿದ್ದಿತು. ಅದು ಮರಳಿ ಬಂದುದು ೧೮೮೪ರಲ್ಲಿ. ಹೊರಬರುವ ಬಾಗಿಲುಗಳೆಲ್ಲ ಮುಚ್ಚಿದ್ದ ಮನೆಯಲ್ಲಿ ಅವಳ ತಪ್ಪುಗಳು ನಡೆದುವು. ತಪ್ಪು ತಪ್ಪೇ ಅಹುದು. ಆದರೆ ಮನೆಯನ್ನು ನೋಡದೆ ತಪ್ಪನ್ನು ಮಾತ್ರ ನೋಡಿದ ತೀರ್ಪು ಪೂರ್ಣವಾಗಲಾರದು.

ಹೀಗೆ, ಫ್ಲೋಬೇರ್ ಬರಿದಾಗಿ ಬಿಟ್ಟ ಪೀಠದ ಮೇಲೆ ಒಬ್ಬೊಬ್ಬ ವಾಚಕನೂ ತಾನೇ ಕುಳಿತು, ತನ್ನ ಕಾಲದ ನ್ಯಾಯವನ್ನು ನುಡಿದಿದ್ದಾನೆ. ಆ ತೀರ್ಪುಗಳಿಂದ ಎಮ್ಮಾಳ ವಿಷಯ ತಿಳಿಯುವುದಕ್ಕಿಂತ ತೀರ್ಪು ಕೊಟ್ಟವರ ವಿಷಯ ಹೆಚ್ಚಾಗಿ ತಿಳಿಯುತ್ತದೆ. ಸಾಹಿತ್ಯ ಚರಿತ್ರಕಾರನಿಗೆ ಇವು ಬೆಲೆಯುಳ್ಳ ದಾಖಲೆಗಳಾಗುವುದು ಈ ಕಾರಣದಿಂದ. ನೊಂದ ಹೆಣ್ಣಿನ ಕಥೆಯೊಂದನ್ನು ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರು ವಿದ್ಯಾರ್ಥಿಗಳನ್ನು, ಅವಳು ಮಾಡಿದುದು ಸರಿಯೇ ಎಂದು ಕೇಳುವುದು ಸಹಜ. ಅದರೊಡನೆ, ಹಾಗೆ ಹೇಳಲು ನಮಗೆ ಕಾರಣವಾದುದು ಯಾವುದು ಎಂಬ ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು. ತೀರ್ಪು ಹೇಳಲು ಕುಳಿತವರೆಲ್ಲರ ನಡುವೆ, ಗುರುತಿಸುವುದಕ್ಕೆಂದು ಓದಿದ ಆಂಜೇಯ ಆ ವಾಚಕಿಯ ಪತ್ರ ಇಂದಿಗೂ ಮಾಸದೆ ಉಳಿದಿದೆ.