ಕಾಡತೂಸಿನ ಹಿತ್ತಾಳೆ

ಕೋವಿಯ ಚರಿತ್ರೆಯಲ್ಲಿ ನಳಿಗೆಯ ವಿಚಾರವೂ ಗುಂಡು ಮದ್ದುಗಳ ವಿಚಾರವೂ ವಿಸ್ತಾರವಾಗಿ ಬರುತ್ತವೆ. ಗುಂಡು, ಮದ್ದು, ಕೇಪುಗಳನ್ನು ಒಂದುಗೂಡಿಸಿ ಹಿಡಿಯುವ ಕೋಶದ ವಿಚಾರಕ್ಕೆ ಅಷ್ಟು ಸ್ಥಳ ದೊರೆಯುವುದಿಲ್ಲ. ಆದರೆ ಗುಂಡು ಹಾರಿಹೋಗುವುದು, ಮದ್ದು ಉರಿದುಹೋಗುವುದು; ಹಾರಿಸಿದವನ ಕೈಯಲ್ಲಿ ಉಳಿಯುವುದು ಕೋಶವೊಂದೇ. ಉಳಿದ ಕೋಶಗಳಲ್ಲಿ ಮರಳಿ ತುಂಬತಕ್ಕವು ಯಾವುವು, ತೊರೆಯತಕ್ಕವು ಯಾವುವು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕಮ್ಮಟದವರಿಗೆ ಮಾತ್ರ ಸೇರಿದ್ದೆಂದು ತೋರಬಹುದು. ವಸ್ತುತಃ ಅದರ ಹಿಂದೆ ಲೋಹವಿದ್ಯೆಯ ದೀರ್ಘವಾದ ಚರಿತ್ರೆಯೊಂದಿದೆ. ಒಂದು ದೋಷಕ್ಕೆ ಜನರು ಹೇಳಿದ ಕಾರಣವೂ ಅದರ ನಿಜವಾದ ಕಾರಣವೂ ಹೇಗೆ ಬೇರೆಯಾಗಿರಬಲ್ಲವು ಎಂಬುದಕ್ಕೆ ಆ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

ಮೊದಲು ಶಬ್ದವನ್ನು ನೋಡಬಹುದು. ಕನ್ನಡದ ‘ಕಾಡತೂಸು’ ಹಿಂದೂಸ್ಥಾನಿಯ ‘ಕಾರ್ತೂಸ್’ ಎಂಬುದರ ರೂಪಾಂತರ. ಅದು ಯೂರೋಪಿಯನರೊಡನೆ ಬಂದ ಮಾತು. ಫ್ರೆಂಚಿನ ‘ಕಾರ್ತೂಷ್’, ಇಂಗ್ಲಿಷಿನ ‘ಕಾರ್ಟ್ರಿಜ್’ ಇವು ಇಟಲಿಯ ಭಾಷೆಯಲ್ಲಿ ಕಾಗದವೆಂಬರ್ಥವುಳ್ಳ ‘ಕಾರ್ತಾ’ ಎಂಬ ಮೂಲಕ್ಕೆ ಹೋಗಿ ಸೇರುತ್ತವೆ. ಹೆಸರು ಹುಟ್ಟಿದಾಗ ವಸ್ತುವು ಕಾಗದದ ಸುರುಳಿಯಾಗಿದ್ದಿತು. ವಸ್ತು ಲೋಹಕ್ಕೆ ತಿರುಗಿದ ಮೇಲೆಯೂ ಹೆಸರು ಕಾಗದವನ್ನು ಬಿಡಲಿಲ್ಲ. ‘ಹಿತ್ತಾಳೆ’ಯಾದರೋ ಸಂಸ್ಕೃತದ ‘ಪಿತ್ತಲ’ಕ್ಕೆ ಸಂಬಂಧಿಸಿದ್ದು, ಪಕಾರವು ಹಕಾರವಾಗುವ ಕನ್ನಡದ ಧರ್ಮವು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕಾಗದದ ಕಾಡತೂಸು ಹಿಂದೂದೇಶದ ಇತಿಹಾಸದಲ್ಲಿ ಮರೆಯಲಾಗದ ಸ್ಥಾನವನ್ನು ಪಡೆದಿದೆ. ೧೮೫೩ನೆಯ ಇಸವಿಯ ಎನ್‌ಫೀಲ್ಡ್ ಕೋವಿಗೆ ಮದ್ದು ತುಂಬುವಾಗ ಜಿಡ್ಡು ಸವರಿದ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದಿತು. ಆ ಜಿಡ್ಡು ದನದ ಮತ್ತು ಹಂದಿಯ ಕೊಬ್ಬೆಂಬ ಸುದ್ದಿ ೧೮೫೭ನೆಯ ಇಸವಿಯ ಆದಿಯಲ್ಲಿ ದಂಡುಗಳಲ್ಲಿ ಹಬ್ಬಿತು. ಅದೇ ವರ್ಷ ಏಪ್ರಿಲ್ ೨೪ರಂದು ಮೀರತ್ತಿನಲ್ಲಿ ೯೦ ಮಂದಿ ಸವಾರರ ಪೈಕಿ ೮೫ ಮಂದಿ ಕಾಡತೂಸನ್ನು ಮುಟ್ಟಲೊಲ್ಲದೆ ಹೋದರು. ಮೇ ೧೦ರಂದು ದಂಗೆಯೆದ್ದಿತು. ಇದರಿಂದಲೇ ಆಂಗ್ಲರು ಕಾಗದವನ್ನು ಬಿಟ್ಟು ಲೋಹವನ್ನು ಹಿಡಿದರೆಂದು ಊಹಿಸುವುದು ಸುಲಭವಾದರೂ ಸರಿಯಲ್ಲ. ನಳಿಗೆಯ ಬಾಯಿಂದ ತುಂಬುವ ಕೋವಿಗಳು ಹೋಗಿ ಹಿಂದುಗಡೆಯಿಂದ ತುಂಬುವ ಕೋವಿಗಳು ಬಂದಾಗ, ಉರಿದ ಮದ್ದಿನ ಹೊಗೆಯೂ ಬೆಂಕಿಯೂ ಹಿಂದಕ್ಕೆ ನುಗ್ಗದಂತೆ ತಡೆಯುವ ಮುಚ್ಚಳವೊಂದು ಬೇಕಾಯಿತು. ಆ ಕೆಲಸವನ್ನು ಕಾಗದಕ್ಕಿಂತ ಲೋಹವು ಚೆನ್ನಾಗಿ ಮಾಡಬಲ್ಲುದಾಗಿದ್ದಿತು.

ಲೋಹದಲ್ಲಿಯೂ ಆಯ್ಕೆ ಒಮ್ಮೆಗೇ ನೆಲೆಗೊಳ್ಳಲಿಲ್ಲ. ಊಲ್ವಿಚ್ಚಿನ ರಾಯಲ್ ಲ್ಯಾಬೊರೇಟರಿಯ ಅಧಿಕಾರಿಯಾಗಿದ್ದ ಕರ್ನಲ್ ಎಡ್ವರ್ಡ್ ಬಾಕ್ಸರನು ೧೮೬೬ನೆಯ ಇಸವಿಯಲ್ಲಿ ಸ್ನೈಡರ್ ಕೋವಿಗಾಗಿ ರಚಿಸಿದ ಕಾಡತೂಸು ಹಿತ್ತಾಳೆಯ ತೆಳುರೇಕನ್ನು ಸುರುಳಿ ಸುತ್ತಿ ಮಾಡಿದ್ದು. ೧೮೭೧ನೆಯ ಇಸವಿಯಲ್ಲಿ ಅಂಗೀಕೃತವಾದ ಮಾರ್ಟಿನಿ-ಹೆನ್ರಿ ಕೋವಿಗೂ ಮೊದಲು ಇಂಥ ಸುರುಳಿಯ ಕೋಶವೇ ಬಂದಿತು. ನಳಿಗೆ ಕಾದು ಮಸಿ ಕಟ್ಟಿದಾಗ ಸುರುಳಿ ಒಳಗೆ ಅಂಟಿಕೊಳ್ಳುತ್ತಿದ್ದಿತು. ಹೊರಕ್ಕೆಳೆದರೆ ಬುಡ ಕಿತ್ತುಬಂದು ರೇಕು ಒಳಗುಳಿಯುತ್ತಿದ್ದಿತು. ೧೮೮೫ನೆಯ ಇಸವಿ ಜನವರಿ ೧೭ರಂದು ಸೂಡಾನಿನ ಅಬೂ ಕ್ಲೀಯದಲ್ಲಿ ವೈರಿಗಳು ಆಂಗ್ಲರ ವ್ಯೂಹವನ್ನು ಭೇದಿಸಿ ಒಳನುಗ್ಗಿದಾಗ ಕೋವಿಗಳು ಹೀಗೆ ಸಿಕ್ಕಿಕೊಂಡುವು. ಆ ತರುವಾಯ ಒಂದೇ ತಗಡಿನಿಂದ ಎಳೆದು ಮಾಡಿದ ಗಟ್ಟಿ ಹಿತ್ತಾಳೆಯ ಕೋಶವು ಬಳಕೆಗೆ ಬಂದಿತು.

ಅಮೆರಿಕದಲ್ಲಿ ಮೊದಲು ತಾಮ್ರವನ್ನು ಉಪಯೋಗಿಸಿದರು. ತಾಮ್ರ ಮೃದುವಾದ ಲೋಹ. ಸ್ಫೋಟದ ಒತ್ತಡಕ್ಕೆ ಉಬ್ಬಿದುದು ಮತ್ತೆ ಕುಗ್ಗದು. ೧೮೭೬ನೆಯ ಇಸವಿ ಜೂನ್ ೨೫ರಂದು ಲಿಟ್ಲ್ ಬಿಗ್‌ಹಾರ್ನ್ ನದಿಯ ಬಳಿ ಕಸ್ಟರನೂ ಅವನ ಕೈಕೆಳಗಿನ ತುಕಡಿಗಳೂ ನಾಶವಾದುದಕ್ಕೆ ಈ ತಾಮ್ರದ ಕೋಶಗಳೇ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ೧೯೮೪ ಮತ್ತು ೧೯೮೫ನೆಯ ಇಸವಿಗಳಲ್ಲಿ ಆ ರಣಭೂಮಿಯನ್ನು ಅಗೆದು ಶೋಧಿಸಿದಾಗ, ದೊರೆತ ಕೋಶಗಳಲ್ಲಿ ಮೀಟಿ ತೆಗೆದ ಗುರುತುಳ್ಳವು ಅತ್ಯಲ್ಪವೆಂದು ಕಂಡುಬಂದಿತು. ದೋಷ ಇದ್ದುದು ನಿಜ. ಸೋಲಿಗೆ ಅದೇ ಕಾರಣವೆಂಬುದು ನಿಲ್ಲಲಿಲ್ಲ.

ಕೊನೆಗೆ ಎಲ್ಲೆಡೆಯೂ ನೆಲೆಗೊಂಡುದು ನೂರಕ್ಕೆ ೭೦ ಪಾಲು ತಾಮ್ರ, ೩೦ ಪಾಲು ಸತುವು ಸೇರಿದ ಹಿತ್ತಾಳೆ. ಇದಕ್ಕೆ ಬಲವಾದ ಕಾರಣವುಂಟು. ಈ ಪ್ರಮಾಣದಲ್ಲಿ ಸತುವು ತಾಮ್ರದಲ್ಲಿ ಪೂರ್ಣವಾಗಿ ಕರಗಿ ಏಕರೂಪವಾಗಿರುತ್ತದೆ. ಎಳೆದರೆ ಹರಿಯದೆ ಬಹಳ ದೂರ ಎಳೆಯಲ್ಪಡುತ್ತದೆ. ಸತುವು ೪೦ ಪಾಲಾದರೆ ಬೇರೊಂದು ಗಡುಸಾದ ರೂಪವು ಹುಟ್ಟುವುದರಿಂದ ಆ ಹಿತ್ತಾಳೆಯನ್ನು ಕಾಯಿಸಿ ಬಡಿಯಬಹುದಲ್ಲದೆ ತಣ್ಣಗೆ ಎಳೆಯುವುದು ಕಷ್ಟ. ೭೦-೩೦ರ ಹಿತ್ತಾಳೆಯು ತಣ್ಣಗೆ ಎಳೆದಷ್ಟೂ ಬಿರುಸಾಗುವುದು. ಕಾಯಿಸಿದರೆ ಮತ್ತೆ ಮೆತ್ತಗಾಗುವುದು. ಆದಕಾರಣ ಬುಡವನ್ನು ಬಿರುಸಾಗಿಯೂ ಬಾಯನ್ನು ಮೆದುವಾಗಿಯೂ ಇರಿಸುವುದು ಸಾಧ್ಯವಾಯಿತು. ಸ್ಫೋಟದ ಕ್ಷಣದಲ್ಲಿ ಕೋಶ ಹಿಗ್ಗಿ ಗೋಡೆಗೆ ಒತ್ತಿಕೊಳ್ಳುವುದು. ಒತ್ತಡವಿಳಿದೊಡನೆ ಸ್ವಲ್ಪ ಕುಗ್ಗಿ ಸಡಿಲವಾಗುವುದು. ಕೋಶದ ಗುಣವೆಲ್ಲವೂ ಈ ಹಿಗ್ಗು ಕುಗ್ಗುಗಳಲ್ಲಿ ಅಡಗಿದೆ.

ಇಂತು ಪ್ರಮಾಣವನ್ನು ತೂಗಿ ಬೆರೆಸಬೇಕಾದರೆ ಸತುವು ಲೋಹರೂಪದಲ್ಲಿ ಬೇರೆಯಾಗಿ ದೊರೆಯಬೇಕು. ಸತುವಾದರೋ ೯೦೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಆವಿಯಾಗಿ ಹೋಗುವ ಲೋಹ. ಅದರ ಅದಿರನ್ನು ಕುಲುಮೆಯಲ್ಲಿ ಕಾಯಿಸಿದರೆ ಲೋಹವು ಹೊಗೆಯಾಗಿ ಮಾಯವಾಗುವುದು. ಆ ಆವಿಯನ್ನು ಹಿಡಿದು ತಣಿಸುವ ವಿದ್ಯೆ ರಾಜಸ್ಥಾನದ ಜಾವರದಲ್ಲಿ ಮಧ್ಯಯುಗದಲ್ಲಿಯೇ ದೊಡ್ಡ ಉದ್ಯಮವಾಗಿ ನಡೆಯುತ್ತಿದ್ದಿತು. ರಸರತ್ನಸಮುಚ್ಚಯವೆಂಬ ಸಂಸ್ಕೃತಗ್ರಂಥವು ಇದಕ್ಕೆ ‘ವೃಂತಾಕಮೂಷೆ’, ಎಂದರೆ ಬದನೆಕಾಯಿಯಾಕಾರದ ಮೂಸೆಯನ್ನು ವಿಧಿಸುತ್ತದೆ. ಜಾವರದ ಉತ್ಖನನದಲ್ಲಿ ಒಂದೊಂದು ಕುಲುಮೆಗೆ ೩೬ರಂತೆ ದೊರೆತ ಮೂಸೆಗಳ ಆಕಾರವೂ ಅದೇ. ಗ್ರಂಥಕ್ಕೂ ನೆಲಕ್ಕೂ ಇಷ್ಟು ನಿಕಟವಾದ ಸಂವಾದವು ಅಪರೂಪ. ಯೂರೋಪಿನಲ್ಲಿ ವಿಲಿಯಂ ಚಾಂಪಿಯನ್ನನು ಬ್ರಿಸ್ಟಲಿನಲ್ಲಿ ಇಂಥ ವಿಧಾನಕ್ಕೆ ಸನ್ನದು ಪಡೆದುದು ೧೭೩೮ನೆಯ ಇಸವಿಯಲ್ಲಿ.

ಇನ್ನು ಮರಳಿ ತುಂಬುವ ವಿಚಾರ. ೧೮೫೭ನೆಯ ಇಸವಿಯ ಸ್ಮಿತ್ ಮತ್ತು ವೆಸನ್ ಪಿಸ್ತೂಲಿನ ಕಾಡತೂಸಿನಲ್ಲಿ ಸಿಡಿಯುವ ಮದ್ದು ಬುಡದ ಅಂಚಿನೊಳಗೆ ಇದ್ದಿತು. ಹೊಡೆತಕ್ಕೆ ಅಂಚು ಜಜ್ಜಿಹೋಗುವುದರಿಂದ ಅಂಥದನ್ನು ಮರಳಿ ತುಂಬಲಾಗದು. ಬುಡದ ನಡುವೆ ಬೇರೆಯಾದ ಕೇಪನ್ನು ಕೂರಿಸುವ ಪದ್ಧತಿ ಬಂದ ಮೇಲೆಯೇ ಅದು ಸುಲಭವಾದುದು. ಈ ಕೇಪಿನಲ್ಲಿ ಎರಡು ಬಗೆ. ಆಂಗ್ಲನಾದ ಬಾಕ್ಸರನ ಬಗೆಯಲ್ಲಿ ಪುಟ್ಟ ಅಡಿಗಲ್ಲು ಕೇಪಿನೊಳಗೇ ಇದ್ದು, ಕೋಶದ ಬುಡದ ಮಧ್ಯದಲ್ಲಿ ಒಂದೇ ರಂಧ್ರವಿರುವುದು. ಬಾಯಿಂದ ಕಡ್ಡಿಯಿಳಿಸಿ ಹಳೆಯ ಕೇಪನ್ನು ನೂಕಬಹುದು. ಅಮೆರಿಕದವನಾದ ಬರ್ಡನ್ನನ ಬಗೆಯಲ್ಲಿ ಅಡಿಗಲ್ಲು ಕೋಶದ ಬುಡದಲ್ಲಿಯೇ ಎದ್ದಿದ್ದು, ಸಾಮಾನ್ಯವಾಗಿ ಅದರ ಇಕ್ಕೆಲಗಳಲ್ಲಿ ಎರಡು ಸಣ್ಣ ರಂಧ್ರಗಳಿರುವುವು, ಕಡ್ಡಿಗೆ ದಾರಿಯಿಲ್ಲ. ಆಂಗ್ಲನ ಬಗೆ ಅಮೆರಿಕದಲ್ಲಿಯೂ, ಅಮೆರಿಕದವನ ಬಗೆ ಯೂರೋಪಿನಲ್ಲಿಯೂ ನೆಲೆಯೂರಿದುದು ವಿಧಿಯ ವಿನೋದ. ಪಿಸ್ತೂಲಿನ ಕೋಶಗಳನ್ನು ಮರಳಿ ತುಂಬುವ ರೂಢಿ ಅಮೆರಿಕದಲ್ಲಿ ಹೆಚ್ಚಾಗಿ ಬೆಳೆದುದಕ್ಕೆ ಇದೂ ಒಂದು ಕಾರಣ.

ಮದ್ದು ಬದಲಾದಾಗ ಹೊಸ ತೊಡಕೊಂದು ತಲೆದೋರಿತು. ಆ ಕಾಲದ ಕೇಪುಗಳಲ್ಲಿ ಪಾದರಸದ ಸ್ಫೋಟಕವಿರುತ್ತಿದ್ದಿತು. ಕರಿಮದ್ದು ಉರಿದಾಗ ಕಟ್ಟುವ ಹೇರಳವಾದ ಮಸಿಯು ಆ ಪಾದರಸವನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತಿದ್ದಿತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಮಸಿಯಿಲ್ಲದೆ ಹೋಯಿತು. ಪಾದರಸವು ನೇರವಾಗಿ ಹಿತ್ತಾಳೆಯನ್ನು ಹೊಕ್ಕು ಅದನ್ನು ಪೆಡಸುಮಾಡಿತು. ಕಣ್ಣಿಗೆ ಹೊಸತಾಗಿ ಕಾಣುವ ಕೋಶವು ಎರಡನೆಯ ಸಲ ತುಂಬಿ ಹಾರಿಸಿದಾಗ ಸೀಳಿತು. ಜನರು ಹೊಸ ಮದ್ದನ್ನು ಹಳಿದರು, ತಪ್ಪಾದರೋ ಕೇಪಿನದಾಗಿದ್ದಿತು.

ಇದಕ್ಕಿಂತಲೂ ಬೋಧಪ್ರದವಾದ ಪ್ರಸಂಗವು ಹಿಂದೂದೇಶದಲ್ಲಿ ನಡೆದುದು. ಇಲ್ಲಿಯ ಆಂಗ್ಲಸೇನೆಯ ಕಾಡತೂಸುಗಳು ಮಳೆಗಾಲ ಕಳೆದು ತೆಗೆದು ನೋಡಿದಾಗ ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದುವು. ಗುಂಡನ್ನು ಬಿಗಿಹಿಡಿದ ಬಾಯಿಯ ಬಳಿ ಬಿರುಕು ಹೆಚ್ಚು. ಹಾರಿಸಿದುದಿಲ್ಲ, ಬಡಿದುದಿಲ್ಲ, ಸುಮ್ಮನಿದ್ದ ಲೋಹ ಸೀಳಿದ್ದಿತು. ಈ ವಿಕಾರಕ್ಕೆ ‘ಋತುಬಿರುಕು’ ಎಂಬರ್ಥದ ಇಂಗ್ಲಿಷ್ ಹೆಸರೇ ರೂಢಿಯಾಯಿತು. ಹೆಸರನ್ನು ಕೇಳಿದವರಿಗೆ ಈ ದೇಶದ ಹವೆಯೇ ಅಪರಾಧಿಯೆಂದು ತೋರುವುದು ಸಹಜ.

೧೯೨೧ನೆಯ ಇಸವಿಯಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿದ್ವಾಂಸರು ನಿಜವಾದ ಕಾರಣವನ್ನು ಪ್ರಕಟಿಸಿದರು. ಮಳೆಗಾಲದಲ್ಲಿ ಕಾಡತೂಸುಗಳನ್ನು ಇರಿಸುತ್ತಿದ್ದುದು ಕುದುರೆಯ ಲಾಯಗಳಲ್ಲಿ. ಕುದುರೆಯ ಮೂತ್ರ ಕೊಳೆತಾಗ ಅಮೋನಿಯ ಹೊರಡುವುದು. ತೇವವಿದ್ದಲ್ಲಿ ಅದು ಹಿತ್ತಾಳೆಯ ಕಣಗಳ ಸಂದುಗಳನ್ನು ಕೊರೆಯುವುದು. ಆದರೆ ಅಮೋನಿಯವೊಂದೇ ಸಾಲದು. ತಣ್ಣಗೆ ಎಳೆದು ರೂಪಿಸಿದಾಗ ಲೋಹದೊಳಗೆ ಉಳಿದ ಬಿಗಿತವೂ ಅದಕ್ಕೆ ಸೇರಬೇಕು. ಒಳಗಿನ ಬಿಗಿತ, ಹೊರಗಿನ ಕ್ಷಾರ, ಇವೆರಡೂ ಕೂಡಿದಲ್ಲಿ ಮಾತ್ರ ಬಿರುಕು. ಪರಿಹಾರವೂ ಎರಡು ಬಗೆಯದಾಯಿತು: ಸುಮಾರು ೨೫೦ ಡಿಗ್ರಿಯ ಹದವಾದ ಶಾಖದಿಂದ, ಬಿರುಸನ್ನು ಕೆಡಿಸದೆ, ಬಿಗಿತವನ್ನು ಇಳಿಸುವುದು, ಅಮೋನಿಯದ ಸೋಂಕಿಲ್ಲದ ಒಣ ಸ್ಥಳದಲ್ಲಿ ಇಡುವುದು. ಋತುವಿನ ಪಾಲು ತೇವವನ್ನೊದಗಿಸಿ ಕಾಡತೂಸುಗಳನ್ನು ಲಾಯಕ್ಕೆ ಕಳುಹಿಸಿದುದಷ್ಟೆ. ಮಿಕ್ಕುದೆಲ್ಲವೂ ಕಾರ್ಖಾನೆಯಲ್ಲಿಯೂ ಉಗ್ರಾಣದಲ್ಲಿಯೂ ಮನುಷ್ಯರು ಮಾಡಿದುದು.

ಪಿಸ್ತೂಲಿನ ಕೋಶವನ್ನು ಆರಿಸುವವರ ನಿಯಮಗಳಲ್ಲಿ ಈ ಚರಿತ್ರೆಯೆಲ್ಲವೂ ಸೂಕ್ಷ್ಮರೂಪದಲ್ಲಿ ನೆಲೆಸಿದೆ. ಬುಡದ ಮುದ್ರೆಯನ್ನು ಓದಿ ಒಂದೇ ಮೂಲದವನ್ನು ಒಟ್ಟುಗೂಡಿಸುವುದು. ಒಂದೇ ರಂಧ್ರದವನ್ನು ಉಳಿಸಿ ಎರಡು ರಂಧ್ರದವನ್ನು ತೊರೆಯುವುದು. ಪಾದರಸದ ಕೇಪಿನ ಹಳೆಯ ಕೋಶಗಳನ್ನು ಮುಟ್ಟದಿರುವುದು. ಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯುವುದು. ನೇರವಾದ ಗೋಡೆಯ ಪಿಸ್ತೂಲಿನ ಕೋಶದಲ್ಲಿ ಪ್ರತಿಸಲವೂ ಬಾಯಿಯನ್ನು ಅರಳಿಸಿ ಮತ್ತೆ ಬಿಗಿಯುವುದರಿಂದ ಅಲ್ಲಿಯೇ ಲೋಹ ಬಿರುಸಾಗಿ ಮೊದಲು ಸೀಳುವುದು. ತೊಗಲಿನ ಪಟ್ಟಿಯಲ್ಲಿ ಇರಿಸಿದ ಹಿತ್ತಾಳೆ ಕಿಲುಬು ಹಿಡಿಯುವುದೆಂದು ನಿಕ್ಕಲಿನ ಲೇಪವನ್ನು ಕೊಟ್ಟರು. ಅಂಥ ಕೋಶದ ಬಾಯಿ ಇನ್ನೂ ಬೇಗ ಸೀಳುವುದು. ಅಮೋನಿಯ ಬೆರೆತ ಹೊಳಪುಮದ್ದಿನಿಂದ ಕೋಶಗಳನ್ನು ತಿಕ್ಕುವವನು ತಿಳಿಯದೆ ಅವನ್ನು ಹಳೆಯ ಲಾಯಕ್ಕೇ ಮರಳಿ ಕಳುಹಿಸುತ್ತಾನೆ.

ಇವು ಸಣ್ಣ ಎಚ್ಚರಿಕೆಗಳೆಂದು ತೋರಬಹುದು. ಆದರೆ ಸೀಳಿದ ಕೋಶ ತಡೆಯಬೇಕಾದ ಬೆಂಕಿ ಹಾರಿಸುವವನ ಕೈಗೂ ಕಣ್ಣಿಗೂ ಒಂದು ಗೇಣಿನಷ್ಟು ದೂರದಲ್ಲಿರುತ್ತದೆ. ದೋಷವು ಎಲ್ಲಿಯದೆಂದು ಸರಿಯಾಗಿ ತಿಳಿಯುವುದು ಇಲ್ಲಿ ಪಾಂಡಿತ್ಯದ ಅಲಂಕಾರವಲ್ಲ, ಪ್ರಾಣರಕ್ಷಣೆಯ ಉಪಾಯ. ಹೊಸ ಮದ್ದನ್ನು ಹಳಿದವರೂ, ತಾಮ್ರದ ಮೇಲೆ ಸೋಲನ್ನು ಹೊರಿಸಿದವರೂ, ಬಿರುಕಿಗೆ ಋತುವಿನ ಹೆಸರಿಟ್ಟವರೂ ಮಾಡಿದ ತಪ್ಪು ಒಂದೇ ಬಗೆಯದು: ಕಣ್ಣಿಗೆ ಮೊದಲು ಬಿದ್ದುದನ್ನು ಕಾರಣವೆಂದು ಹಿಡಿದುದು. ಲೋಹದೊಳಗೆ ಕಾಣದೆ ನಿಂತ ಬಿಗಿತವನ್ನು ಹುಡುಕಲು ತಾಳ್ಮೆ ಬೇಕಾಯಿತು. ಆ ತಾಳ್ಮೆಯಿಂದಲೇ ಬಿರುಕು ನಿಂತಿತು.