ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಣ: ಪುಣೆ ಕ್ಯಾಂಪನ್ನು ಮುಂದಿಟ್ಟುಕೊಂಡು ಒಂದು ನೈತಿಕ ಹಾಗೂ ಕಾನೂನಾತ್ಮಕ ವಿವೇಚನೆ

ಪುಣೆ ಕ್ಯಾಂಪ್ ಎಂದು ರೂಢಿಯಲ್ಲಿರುವ, ಮರಾಠಿ ಬಳಕೆಯಲ್ಲಿ ಲಷ್ಕರ್ ಎಂದೂ ಕರೆಸಿಕೊಳ್ಳುವ ದಂಡು ಪ್ರದೇಶವು 1817ರ ಖಡಕಿ ಯುದ್ಧದಲ್ಲಿ ಪೇಶ್ವೆಯ ಸೈನ್ಯ ಸೋತ ಬಳಿಕ ಬ್ರಿಟಿಷರು ನೆಲೆಯೂರಿದ ಜಾಗ. ಸೈನ್ಯದ ಅಗತ್ಯಕ್ಕೆಂದು ರೂಪುಗೊಂಡ ಇಲ್ಲಿನ ಅನೇಕ ರಸ್ತೆಗಳು ಹಳೆಯ ಪೇಟೆಗಳ ಓಣಿಗಳಿಗಿಂತ ಅಗಲವಾಗಿಯೂ ನೇರವಾಗಿಯೂ ಇದ್ದು, ಹಗಲಿನ ದಟ್ಟಣೆ ಕರಗಿದ ಮೇಲೆ ವೇಗದ ಆಸೆಯನ್ನು ಕೆರಳಿಸುವಂತಿವೆ. ಇದೇ ಪ್ರದೇಶದಲ್ಲಿ ಸೊಲ್ಲಾಪುರ ರಸ್ತೆಯ ಬದಿಗೆ 1830ರಲ್ಲಿ ಸಿದ್ಧವಾದ ಕುದುರೆ ರೇಸ್‌ಕೋರ್ಸ್ ಇಂದಿಗೂ ಬಳಕೆಯಲ್ಲಿದ್ದು, ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿ ಪಂದ್ಯಗಳನ್ನು ನಡೆಸುತ್ತದೆ. ಜೂಜಿನ ಬಗ್ಗೆ ಯಾರಿಗೆ ಎಂಥ ಅಭಿಪ್ರಾಯವೇ ಇರಲಿ, ಆ ಪಂದ್ಯದ ಏರ್ಪಾಟನ್ನು ಗಮನಿಸಬೇಕು: ಓಟದ ಹಾದಿಗೆ ಕಟಕಟೆಯಿದೆ, ಜಾಕಿಗೆ ಪರವಾನಗಿಯಿದೆ, ಅಡ್ಡಾದಿಡ್ಡಿ ಓಡಿಸಿದವನನ್ನು ವಿಚಾರಿಸಿ ಅಮಾನತು ಮಾಡುವ ಸ್ಟೀವರ್ಡ್‌ಗಳಿದ್ದಾರೆ, ಬಿದ್ದವನನ್ನು ಎತ್ತಿಕೊಳ್ಳಲು ಆಂಬುಲೆನ್ಸ್ ಇದೆ. ಕಟಕಟೆಯ ಆಚೆ ನಿಂತವನ ಮೈಮೇಲೆ ಕುದುರೆ ನುಗ್ಗಬಾರದು ಎಂಬುದು ಈ ಇಡೀ ಏರ್ಪಾಟಿನ ಮೊದಲ ಷರತ್ತು. ಮೋಟಾರು ವಾಹನಗಳ ಅಕ್ರಮ ರೇಸು ಅಳಿಸಿಹಾಕುವುದು ಈ ಷರತ್ತನ್ನೇ.

ಭಾರತದ ಮೋಟಾರು ವಾಹನ ಕಾಯ್ದೆ, 1988ರ 189ನೆಯ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನಗಳ ನಡುವೆ ಯಾವುದೇ ಬಗೆಯ ರೇಸಿನಲ್ಲಿ ಅಥವಾ ವೇಗಪರೀಕ್ಷೆಯಲ್ಲಿ ಭಾಗವಹಿಸುವುದೂ ಅದಕ್ಕೆ ಅವಕಾಶ ಕೊಡುವುದೂ ಅಪರಾಧ. ಮೂಲ ಕಾಯ್ದೆಯಲ್ಲಿ ಇದಕ್ಕಿದ್ದ ಶಿಕ್ಷೆ ಹೆಚ್ಚೆಂದರೆ ಒಂದು ತಿಂಗಳ ಸೆರೆವಾಸ ಅಥವಾ 500 ರೂಪಾಯಿ ದಂಡ ಅಥವಾ ಎರಡೂ. 2019ರ ತಿದ್ದುಪಡಿಯ ನಂತರ ಮೊದಲ ಸಲದ ತಪ್ಪಿಗೆ ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ, ಮರುಕಳಿಸಿದರೆ ಒಂದು ವರ್ಷದವರೆಗಿನ ಸೆರೆ ಅಥವಾ 10,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದಾಗಿದೆ. ದಂಡದ ಮೊತ್ತ ಏರಿತಾದರೂ ಅಪರಾಧದ ವ್ಯಾಖ್ಯೆ ಬದಲಾಗಲಿಲ್ಲ. ‘ವಾಹನಗಳ ನಡುವೆ’ ನಡೆಯುವುದು ಮಾತ್ರ ರೇಸು ಎಂಬ ಈ ವ್ಯಾಖ್ಯೆಯೊಳಗೆ, ಎದುರಾಳಿಯೇ ಇಲ್ಲದೆ ಸ್ಪೀಡೋಮೀಟರಿನ ಮುಳ್ಳಿನೊಂದಿಗೆ ಪಣ ಕಟ್ಟಿದವನು ಸುಲಭವಾಗಿ ಬರುವುದಿಲ್ಲ.

ಕ್ಯಾಂಪಿನಿಂದ ಬಹಳ ದೂರವಲ್ಲದ, ಮುಳಾ-ಮುಠಾ ನದಿಯ ಆಚೆಯ ಕಲ್ಯಾಣಿನಗರದಲ್ಲಿ 2024ರ ಮೇ 19ರ ನಸುಕಿನಲ್ಲಿ ನಡೆದದ್ದು ಇಂಥದೇ ಘಟನೆ. ಹದಿನೇಳು ವರ್ಷದ ಬಾಲಕ ಚಲಾಯಿಸುತ್ತಿದ್ದನೆಂದು ಆರೋಪಿಸಲಾದ, ಕಾಯಂ ನೋಂದಣಿಯೂ ಆಗಿರದ ಪೋರ್ಷೆ ಕಾರು ಬೈಕೊಂದಕ್ಕೆ ಗುದ್ದಿ, ಮಧ್ಯಪ್ರದೇಶದಿಂದ ಬಂದು ಪುಣೆಯಲ್ಲಿ ದುಡಿಯುತ್ತಿದ್ದ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ನೋಂದಣಿ ಪೂರ್ಣಗೊಳ್ಳದೆ ಉಳಿದದ್ದು 1,758 ರೂಪಾಯಿ ಶುಲ್ಕ ಕಟ್ಟದ ಕಾರಣಕ್ಕೆ ಎಂದು ಸಾರಿಗೆ ಇಲಾಖೆ ಹೇಳಿತ್ತು. ಕೋಟಿಗೂ ಮಿಕ್ಕಿ ಬೆಲೆಬಾಳುವ ಕಾರಿನ ಎದುರಿಗೆ ಈ ಮೊತ್ತವನ್ನಿಟ್ಟು ನೋಡಿದರೆ, ನಿಯಮವೆಂಬುದು ತಮಗಲ್ಲ ಎಂಬ ಧೋರಣೆ ಎಲ್ಲಿಂದ ಮೊದಲಾಗುತ್ತದೆ ಎಂಬುದು ತಿಳಿಯುತ್ತದೆ. ಅದು ರೂಢಿಯ ಅರ್ಥದ ರೇಸು ಅಲ್ಲ. ಆದರೂ ನೀತಿಯ ದೃಷ್ಟಿಯಿಂದ ರೇಸಿನ ಎಲ್ಲ ಲಕ್ಷಣಗಳೂ ಇಂಥ ಚಾಲನೆಯಲ್ಲಿವೆ: ವೇಗ ಇಲ್ಲಿ ಊರು ತಲುಪುವ ಸಾಧನವಲ್ಲ, ವೇಗವೇ ಗುರಿ. ಜರ್ಮನಿ ಈ ಸಾಮ್ಯವನ್ನು ಗುರುತಿಸಿ 2017ರಲ್ಲಿ ತನ್ನ ದಂಡಸಂಹಿತೆಗೆ 315ಡಿ ಎಂಬ ಕಲಮನ್ನು ಸೇರಿಸಿತು. ಅದರಡಿ ಸಾಧ್ಯವಾದಷ್ಟೂ ಹೆಚ್ಚಿನ ವೇಗ ಮುಟ್ಟುವ ಉದ್ದೇಶದಿಂದ, ಇತರರ ಪರಿವೆಯಿಲ್ಲದೆ ಒಬ್ಬನೇ ವಾಹನ ಓಡಿಸಿದರೂ, ಯಾರಿಗೂ ಗಾಯವಾಗದಿದ್ದರೂ, ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸಾವು ಸಂಭವಿಸಿದರೆ ಶಿಕ್ಷೆ ಹತ್ತು ವರ್ಷದವರೆಗೆ ಹೋಗುತ್ತದೆ.

ವೇಗದ ಅಪಾಯವನ್ನು ಕುರಿತ ಸಾಮಾನ್ಯ ತಿಳಿವಳಿಕೆಯಲ್ಲಿ ಒಂದು ದೊಡ್ಡ ಕೊರತೆಯಿದೆ. ವೇಗ ಇಮ್ಮಡಿಯಾದರೆ ಅಪಾಯವೂ ಇಮ್ಮಡಿಯಾಗುತ್ತದೆ ಎಂದು ಚಾಲಕರು ಭಾವಿಸುತ್ತಾರೆ. ಭೌತಶಾಸ್ತ್ರದ ಲೆಕ್ಕ ಬೇರೆ. ಚಲಿಸುವ ವಸ್ತುವಿನ ಚಲನಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ವೇಗ ಇಮ್ಮಡಿಯಾದಾಗ ಶಕ್ತಿ ನಾಲ್ಮಡಿಯಾಗುತ್ತದೆ, ಬ್ರೇಕ್ ಹಾಕಿದ ನಂತರ ಗಾಡಿ ನಿಲ್ಲಲು ಬೇಕಾಗುವ ದೂರವೂ ನಾಲ್ಮಡಿಯಾಗುತ್ತದೆ. ಒಣಗಿದ ಡಾಂಬರು ರಸ್ತೆ, ಒಳ್ಳೆಯ ಟೈರು, ಅಪಾಯ ಕಂಡು ಬ್ರೇಕ್ ಒತ್ತುವವರೆಗೆ ಒಂದೂವರೆ ಸೆಕೆಂಡು ಎಂದು ಹಿಡಿದರೆ, ಗಂಟೆಗೆ 50 ಕಿ.ಮೀ. ವೇಗದ ಕಾರು ಸುಮಾರು 35 ಮೀಟರಿನಲ್ಲಿ ನಿಲ್ಲುತ್ತದೆ, 100 ಕಿ.ಮೀ. ವೇಗದ ಕಾರಿಗೆ ಸುಮಾರು 98 ಮೀಟರ್ ಬೇಕು. ಈಗ 60 ಮೀಟರ್ ಮುಂದೆ ಒಬ್ಬ ಪಾದಚಾರಿ ರಸ್ತೆ ದಾಟುತ್ತಿದ್ದಾನೆ ಎಂದುಕೊಳ್ಳೋಣ. ಮೊದಲನೆಯ ಕಾರು ಅವನಿಗಿಂತ 25 ಮೀಟರ್ ಈಚೆಗೇ ನಿಂತಿರುತ್ತದೆ. ಎರಡನೆಯದು, ಚಾಲಕ ಬ್ರೇಕನ್ನು ಪೂರ್ತಿ ಒತ್ತಿದರೂ, ಗಂಟೆಗೆ ಸುಮಾರು 82 ಕಿ.ಮೀ. ವೇಗದಲ್ಲಿ ಅವನಿಗೆ ಬಡಿಯುತ್ತದೆ. ವೇಗ 150 ಕಿ.ಮೀ. ಆಗಿದ್ದರೆ ಆ ಒಂದೂವರೆ ಸೆಕೆಂಡಿನಲ್ಲೇ ಕಾರು 62 ಮೀಟರ್ ದಾಟಿರುವುದರಿಂದ ಚಾಲಕನ ಕಾಲು ಬ್ರೇಕಿಗೆ ತಾಗುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ರೇಸಿನಲ್ಲಿರುವವನ ಕಣ್ಣು ಪಕ್ಕದ ಎದುರಾಳಿಯ ಮೇಲಿರುವುದರಿಂದ ಆ ಒಂದೂವರೆ ಸೆಕೆಂಡು ಕೂಡ ಉದಾರವಾದ ಅಂದಾಜು. ಡಿಕ್ಕಿಯ ವೇಗ ಗಂಟೆಗೆ 50ರಿಂದ 65 ಕಿ.ಮೀ.ಗೆ ಏರಿದರೇನೇ ಪಾದಚಾರಿಯ ಸಾವಿನ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ರೇಸುಗಾರರ ಪರವಾಗಿ ಮಂಡಿಸಬಹುದಾದ ಅತ್ಯಂತ ಗಟ್ಟಿಯಾದ ವಾದವೆಂದರೆ ಸ್ವಂತ ಒಪ್ಪಿಗೆಯ ವಾದ: ತನ್ನ ಜೀವವನ್ನು ತಾನೇ ಪಣಕ್ಕಿಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ, ಪರ್ವತಾರೋಹಿಯನ್ನು ಮೆಚ್ಚುವ ಸಮಾಜ ಬೈಕ್ ಸವಾರನನ್ನು ಜರೆಯುವುದು ತರವಲ್ಲ ಎಂಬುದು. ಈ ವಾದವನ್ನು ಅರ್ಧದಷ್ಟು ಒಪ್ಪಬಹುದು. ಸಾಹಸದ ಹಂಬಲ ನೀಚವಾದುದೇನಲ್ಲ. ಆದರೆ ಪರ್ವತಾರೋಹಿ ಬಿದ್ದರೆ ಸಾಮಾನ್ಯವಾಗಿ ಅವನೇ ಬೀಳುತ್ತಾನೆ, ರಸ್ತೆಯ ರೇಸಿನಲ್ಲಿ ಬೀಳುವವರು ಪಣದ ಸುದ್ದಿಯೇ ತಿಳಿಯದವರು. ನಡುರಾತ್ರಿಯ ರಸ್ತೆಯನ್ನು ಖಾಲಿ ರಸ್ತೆ ಎಂದು ರೇಸಿನವರು ಕರೆಯುತ್ತಾರಾದರೂ, ಆ ಹೊತ್ತಿಗೆ ಅಲ್ಲಿ ಇರುವವರು ಯಾರೆಂದು ಕೇಳಬೇಕು. ಹೋಟೆಲಿನ ಬಾಗಿಲು ಹಾಕಿ, ಪಾತ್ರೆ ತೊಳೆದು ಕೋಣೆಗೆ ನಡೆಯುವ ಕೆಲಸಗಾರ, ರಾತ್ರಿಪಾಳಿಯ ಕಾವಲುಗಾರ, ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆ, ರೈಲಿಳಿದು ರಿಕ್ಷಾ ಹುಡುಕುವ ಕುಟುಂಬ. ವಿಜಯಪುರ, ಕಲಬುರಗಿಗಳ ಕಡೆಯಿಂದ ಕೂಲಿಗೆ ಬಂದವರೂ ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದವರೂ ಪುಣೆಯಲ್ಲಿ ನೆಲೆಸಿರುವುದರಿಂದ, ಈ ರಾತ್ರಿಯ ರಸ್ತೆ ಕನ್ನಡಿಗರ ರಸ್ತೆಯೂ ಹೌದು. ಇವರಲ್ಲಿ ಯಾರೊಬ್ಬರೂ ಆ ಪಣಕ್ಕೆ ಒಪ್ಪಿಗೆ ಕೊಟ್ಟವರಲ್ಲ. ಆದ್ದರಿಂದ ರಸ್ತೆ ರೇಸಿನ ಮೂಲ ದೋಷ ಅಪಘಾತದಲ್ಲಿಲ್ಲ. ಬೇರೆಯವರ ಜೀವವನ್ನು ಅವರನ್ನು ಕೇಳದೆ ಪಣಕ್ಕಿಡುವುದರಲ್ಲಿದೆ. ಅಪಘಾತ ಆಗದ ರಾತ್ರಿಯಲ್ಲೂ ಆ ದೋಷ ನಡೆದೇ ಇರುತ್ತದೆ.

ದಾರ್ಶನಿಕರಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ಚರ್ಚೆಗೆ ತಂದ ‘ನೈತಿಕ ಅದೃಷ್ಟ’ ಎಂಬ ಪರಿಕಲ್ಪನೆ ಇಲ್ಲಿ ಉಪಯುಕ್ತ. ಒಂದೇ ಬಗೆಯ ಅಜಾಗ್ರತೆ ತೋರಿದ ಇಬ್ಬರು ಚಾಲಕರಲ್ಲಿ ಒಬ್ಬನ ದಾರಿಗೆ ಮಗು ಅಡ್ಡ ಬಂದು, ಇನ್ನೊಬ್ಬನ ದಾರಿಗೆ ಬಾರದೇ ಹೋದರೆ, ಅವರ ಕೈಯಲ್ಲಿಲ್ಲದ ಈ ಕಾರಣದಿಂದ ನಾವು ಒಬ್ಬನನ್ನು ಕೊಲೆಗಡುಕನಂತೆಯೂ ಇನ್ನೊಬ್ಬನನ್ನು ಪುಂಡನಂತೆಯೂ ಕಾಣುತ್ತೇವೆ ಎಂಬುದು ಆ ಪರಿಕಲ್ಪನೆಯ ಸಾರ. ಭಾರತದ ಕಾನೂನು ಈ ಅದೃಷ್ಟದ ಮೇಲೆ ಅತಿಯಾಗಿ ನಿಂತಿದೆ. ಯಾರೂ ಸಾಯದಿದ್ದರೆ ರೇಸು ಬಹುಮಟ್ಟಿಗೆ ದಂಡ ಕಟ್ಟಿ ಮುಗಿಸುವ ವಿಷಯ. ಸತ್ತರೆ ಭಾರತೀಯ ನ್ಯಾಯಸಂಹಿತೆಯ 106ನೆಯ ಕಲಮಿನಡಿ ನಿರ್ಲಕ್ಷ್ಯದ ಸಾವೋ 105ನೆಯ ಕಲಮಿನಡಿ ಕೊಲೆಯಲ್ಲದ ಮಾನವಹತ್ಯೆಯೋ ಎಂಬ ಜಿಜ್ಞಾಸೆ. 2006ರ ನವೆಂಬರಿನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದ ಏಳು ಜನರನ್ನು ಬಲಿತೆಗೆದುಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, ಸಾವು ಸಂಭವಿಸಬಹುದೆಂಬ ಅರಿವಿದ್ದೂ ವಾಹನ ಓಡಿಸಿದವನಿಗೆ ಮಾನವಹತ್ಯೆಯ ಕಲಮು ಅನ್ವಯಿಸುತ್ತದೆ ಎಂದು ಎತ್ತಿಹಿಡಿಯಿತು. ವಿಧಿಸಲಾಗಿದ್ದ ಶಿಕ್ಷೆ ಮೂರು ವರ್ಷ. ಇಲ್ಲಿನ ಮುಖ್ಯ ಪದ ‘ಅರಿವು’. ರೇಸಿಗಿಳಿದವನಿಗೆ ಆ ಅರಿವು ಇರಲಿಲ್ಲ ಎಂದು ವಾದಿಸುವುದು ಕಷ್ಟ, ಏಕೆಂದರೆ ಅಪಾಯವಿಲ್ಲದಿದ್ದರೆ ಅವನಿಗೆ ಆ ಆಟದಲ್ಲಿ ರುಚಿಯೇ ಇರುತ್ತಿರಲಿಲ್ಲ.

ಅಪ್ರಾಪ್ತರ ವಿಷಯದಲ್ಲಿ ತೊಡಕು ಹೆಚ್ಚು. ಕಲ್ಯಾಣಿನಗರದ ಪ್ರಕರಣದಲ್ಲಿ ಬಾಲನ್ಯಾಯ ಮಂಡಳಿ ಮೊದಲು ಕೊಟ್ಟ ಜಾಮೀನಿನ ಷರತ್ತುಗಳಲ್ಲಿ ರಸ್ತೆ ಅಪಘಾತಗಳ ಕುರಿತು 300 ಪದಗಳ ಪ್ರಬಂಧ ಬರೆಯುವುದೂ ಒಂದಾಗಿತ್ತು; ದೇಶದಾದ್ಯಂತ ಆಕ್ರೋಶ ಎದ್ದ ಮೇಲೆ ಬಾಲಕನನ್ನು ವೀಕ್ಷಣಾಲಯಕ್ಕೆ ಕಳಿಸಲಾಯಿತು, 2024ರ ಜೂನ್ 25ರಂದು ಬಾಂಬೆ ಹೈಕೋರ್ಟ್ ಆ ಬಂಧನ ಕಾನೂನುಬಾಹಿರವೆಂದು ಬಿಡುಗಡೆಗೆ ಆದೇಶಿಸಿತು. ವಯಸ್ಕನಂತೆ ವಿಚಾರಣೆ ನಡೆಸಬೇಕೆಂಬ ಪೊಲೀಸರ ಕೋರಿಕೆಯನ್ನು ಮಂಡಳಿ 2025ರ ಜುಲೈನಲ್ಲಿ ತಳ್ಳಿಹಾಕಿತು. ಅಂಥ ವಿಚಾರಣೆಗೆ ಅಪರಾಧ ‘ಘೋರ’ವಾಗಿರಬೇಕು; ಆದರೆ ಏಳು ವರ್ಷದ ಕನಿಷ್ಠ ಶಿಕ್ಷೆ ನಿಗದಿಯಾಗಿರದ ಅಪರಾಧವು ಬಾಲನ್ಯಾಯ ಕಾಯ್ದೆಯ ಅರ್ಥದಲ್ಲಿ ‘ಘೋರ ಅಪರಾಧ’ವಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ, ದೆಹಲಿಯ ಇಂಥದೇ ಕಾರು ಪ್ರಕರಣದಲ್ಲಿ ಹೇಳಿದೆ. ಜನರ ಸಿಟ್ಟು ಎಷ್ಟೇ ನ್ಯಾಯವಾದರೂ ಕಾನೂನಿನ ಪಠ್ಯವನ್ನು ಮೀರಿ ಮಗುವನ್ನು ವಯಸ್ಕನನ್ನಾಗಿ ಮಾಡಲಾಗದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮು ಅಪ್ರಾಪ್ತನ ತಪ್ಪಿಗೆ ಪೋಷಕ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ ಗೊತ್ತುಮಾಡುತ್ತದೆ. ಹುಡುಗನ ಕೈಗೆ ಕೀಲಿ ಕೊಟ್ಟ ಹಿರಿಯರ ಹೊಣೆ ಇಲ್ಲಿ ಸ್ಪಷ್ಟವಾಗಿದ್ದು, ಅದನ್ನು ಬಿಗಿಯಾಗಿ ಜಾರಿಗೊಳಿಸುವುದು ಹೆಚ್ಚು ನ್ಯಾಯವಾದ ದಾರಿ.

ಇಬ್ಬರು ಸೇರಿ ಓಡಿಸಿದಾಗ ಹೊಣೆ ಯಾರದು ಎಂಬ ಪ್ರಶ್ನೆ ಮೋಟಾರಿಗಿಂತ ಹಳೆಯದು. 1846ರಲ್ಲಿ ಇಂಗ್ಲೆಂಡಿನಲ್ಲಿ ಸ್ವಿಂಡಾಲ್ ಮತ್ತು ಆಸ್‌ಬೋರ್ನ್ ಎಂಬಿಬ್ಬರು ಪೈಪೋಟಿಯಿಂದ ಗಾಡಿ ಹೊಡೆದು ಮುದುಕನೊಬ್ಬನ ಸಾವಿಗೆ ಕಾರಣರಾದಾಗ, ಯಾರ ಗಾಡಿಯ ಚಕ್ರ ಹಾದುಹೋಯಿತೆಂದು ತಿಳಿಯದಿದ್ದರೂ ಪರಸ್ಪರ ಹುರಿದುಂಬಿಸಿದ ಇಬ್ಬರೂ ತಪ್ಪಿತಸ್ಥರೆಂದು ನ್ಯಾಯಾಲಯ ಹೇಳಿತು. 2016ರಲ್ಲಿ ಬರ್ಲಿನ್ನಿನ ರಸ್ತೆಯಲ್ಲಿ ಇಬ್ಬರು ನಡೆಸಿದ ಕಾರ್ ರೇಸಿನಲ್ಲಿ ಒಬ್ಬರು ಸತ್ತ ಪ್ರಕರಣದಲ್ಲಿ ಡಿಕ್ಕಿ ಹೊಡೆದವನಿಗೆ ಕೊಲೆಯ ಶಿಕ್ಷೆ ಖಾಯಂ ಆದರೆ, ಜೊತೆಗೆ ಓಡಿಸಿದವನಿಗೆ ಕೊಲೆಯತ್ನಕ್ಕಾಗಿ 13 ವರ್ಷ ಸೆರೆಯಾಯಿತು. ಗುದ್ದಿದ್ದು ತನ್ನ ಗಾಡಿಯಲ್ಲ ಎಂಬ ಸಮರ್ಥನೆ ಎರಡು ಕಡೆಯೂ ನಿಲ್ಲಲಿಲ್ಲ.

ಹಾನಿ ಚಾಲಕನ ಮನೆಯವರನ್ನೂ ಬಿಡದು. ಹಾಸನ ಜಿಲ್ಲೆಯ ಅರಸೀಕೆರೆಯ ಕಡೆಗೆ 2014ರ ಜೂನಿನಲ್ಲಿ ಅತಿವೇಗದಿಂದ ಹೋಗುತ್ತಿದ್ದ ಕಾರು ಮಗುಚಿ ಚಾಲಕ ಸತ್ತ ಪ್ರಕರಣದಲ್ಲಿ ಕುಟುಂಬದವರು ಕೇಳಿದ 80 ಲಕ್ಷ ರೂಪಾಯಿ ಪರಿಹಾರವನ್ನು ಕರ್ನಾಟಕ ಹೈಕೋರ್ಟ್ ನಿರಾಕರಿಸಿತು. ತನ್ನದೇ ತಪ್ಪಿನಿಂದ ಸತ್ತವನ ವಾರಸುದಾರರು ವಿಮೆ ಕಂಪನಿಯಿಂದ ಪರಿಹಾರ ಕೇಳಲಾಗದು ಎಂಬ ಆ ನಿಲುವಿನಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಧ್ಯಪ್ರವೇಶಿಸಲಿಲ್ಲ. ಗಂಗಾವತಿಯ ವೀಲಿಂಗ್ (ಮುಂದಿನ ಚಕ್ರ ಎತ್ತಿ ಬೈಕ್ ಓಡಿಸುವ) ಪ್ರಕರಣವೊಂದರಲ್ಲಿ ಅದೇ ವರ್ಷ ಜಾಮೀನು ನಿರಾಕರಿಸಿದ ಕರ್ನಾಟಕ ಹೈಕೋರ್ಟ್, ಈ ಪಿಡುಗಿಗೆ ಈಗಿನ ಕಾನೂನು ಸಾಲದೆಂದು ಹೇಳಿದೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ ಶೇಕಡ 71.2ರಷ್ಟು ಸಾವುಗಳು ಅತಿವೇಗದ ಲೆಕ್ಕಕ್ಕೆ ಸೇರಿವೆ. ತಡವಾಯಿತೆಂದು ಅವಸರಪಟ್ಟವನೂ ಪಣ ಕಟ್ಟಿ ಓಡಿಸಿದವನೂ ಆ ಒಂದೇ ಅಂಕಣದೊಳಗಿದ್ದಾರೆ. ರೇಸಿಗೆ ಪ್ರತ್ಯೇಕ ಅಂಕಣ ತೆರೆಯುವುದು ಮೊದಲ ಕೆಲಸ. ಒಂಟಿ ವೇಗಪಂದ್ಯವನ್ನೂ ಒಳಗೊಳ್ಳುವಂತೆ, ಸಾವನ್ನು ಕಾಯದೆ ಕೃತ್ಯವನ್ನೇ ತೂಗುವಂತೆ 189ನೆಯ ಕಲಮನ್ನು ಸಂಸತ್ತು ತಿದ್ದಬೇಕು. ಚೆನ್ನೈಯ ಐಲೆಂಡ್ ಗ್ರೌಂಡ್ಸ್ ಸುತ್ತಲಿನ ರಸ್ತೆಗಳನ್ನು ಮುಚ್ಚಿ, ತಡೆಗೋಡೆ ಕಟ್ಟಿ 2024ರಲ್ಲಿ ರಾತ್ರಿ ಕಾರ್ ರೇಸು ನಡೆಸಲು ಸಾಧ್ಯವಾದದ್ದರಿಂದ, ವೇಗದ ಹಂಬಲವುಳ್ಳ ಯುವಕರಿಗೆ ಬೇಲಿಯೊಳಗಿನ, ಅಗ್ಗದ ದರದ ಟ್ರ್ಯಾಕುಗಳನ್ನು ಒದಗಿಸುವುದು ಮಹಾರಾಷ್ಟ್ರ, ಕರ್ನಾಟಕ ಸರ್ಕಾರಗಳ ಶಕ್ತಿಗೆ ಮೀರಿದ್ದಲ್ಲ. ಅಲ್ಲಿಯವರೆಗೆ ಮನೆಯ ಹಿರಿಯರು ಲೈಸೆನ್ಸಿಲ್ಲದ ಮಕ್ಕಳ ಕೈಗೆ ಗಾಡಿಯ ಕೀಲಿ ಕೊಡದಿರಲಿ.